ದೇವರಿಗೆ ಅಡ್ಡವಾಗದ ವೈರು

ಛಾಲ್ಯಾವ್ ಊರಿನ ಛೆಂಗ್‌ಬೊಕ್‌ನಷ್ಟು ಜೋಪಾನದ ಮನುಷ್ಯ ತೈವಾನಿನ ದಕ್ಷಿಣ ಕರಾವಳಿಯಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ ಎಂದು ನಾವೆಲ್ಲ ಹೇಳುತ್ತಿದ್ದೆವು. ಹೇಳಿ ಹೇಳಿ ಅವನ ತಲೆ ಕೆಡಿಸಿದವರಲ್ಲಿ ನಾವೂ ಸೇರಿದ್ದೇವೆ ಅನ್ನಿ.

ದೇವರಿಗೆ ಸಿನಿಮಾ ತೋರಿಸುವುದು ಅವನ ಕಸುಬು. ಮಗ ಪರೀಕ್ಷೆ ಪಾಸಾಗಲಿ ಎಂದೋ, ಹೊಂಡದ ಮೀನು ಸಾಯದೆ ಉಳಿಯಲಿ ಎಂದೋ ಹರಕೆ ಹೊತ್ತವರು, ಅದು ಕೈಗೂಡಿದ ಮೇಲೆ ಊರು ಕಾಯುವ ದೇವರು ಭೂಮಿಯಜ್ಜನಿಗೆ ಒಂದು ಸಿನಿಮಾ ಹಾಕಿಸುತ್ತಾರೆ. ಗುಡಿಯ ಬಾಗಿಲಿಗೆ ಎದುರಾಗಿ ಅಂಗಳದ ಆ ತುದಿಯಲ್ಲಿ ಪರದೆ. ಗದ್ದುಗೆಯ ಮೇಲೆ ಕೂತಲ್ಲಿಂದಲೇ ಅಜ್ಜ ನೋಡುತ್ತಾನೆ. ಜನ ಬರಲೇಬೇಕು ಅಂತೇನಿಲ್ಲ. ಮೊದಲೆಲ್ಲ ಊರಿಗೆ ಊರೇ ಬಂದು ಕೂರುತ್ತಿತ್ತಂತೆ. ಈಗ ಎಲ್ಲರ ಮನೆಯಲ್ಲೂ ಟಿವಿ, ಎಲ್ಲರ ಕೈಯಲ್ಲೂ ಫೋನು, ಹೊರಗೆ ಬಂದರೆ ಸೊಳ್ಳೆ. ಹೀಗಾಗಿ ಖಾಲಿ ಅಂಗಳದಲ್ಲಿ ಕತ್ತಿವರಸೆಯ ಸಿನಿಮಾಗಳು ತಮ್ಮಷ್ಟಕ್ಕೆ ತಾವು ಕಾದಾಡಿ ಮುಗಿಯುತ್ತವೆ.

ಛೆಂಗ್‌ಬೊಕ್ ಇಪ್ಪತ್ತರಲ್ಲಿ ಸೋದರಮಾವನ ಹಿಂದೆ ರೀಲಿನ ಡಬ್ಬಿ ಹೊತ್ತವನು. ರೀಲು ಹೋಗಿ ಪ್ರೊಜೆಕ್ಟರ್ ಬಂದಾಗ, ಹೊಸ ಸೊಸೆ ಬಂದಂತೆ ಅದನ್ನು ಮನೆ ತುಂಬಿಸಿಕೊಂಡ. ಸ್ಟ್ಯಾಂಡಿನ ಮೂರು ಕಾಲಿಗೂ ಮರಳಿನ ಚೀಲ ಕಟ್ಟಬೇಕು. ಬಿಸಿಗಾಳಿ ಹೋಗುವ ಜಾಲರಿಯ ಮುಂದೆ ಒಂದು ಮೊಳ ಜಾಗ ಬಿಡಬೇಕು, ಅಲ್ಲಿ ಟೋಪಿ ಇಟ್ಟವನಿಗೆ ಬೈಗುಳ ಗ್ಯಾರಂಟಿ. ಲೆನ್ಸಿನೊಳಗೆ ಯಾರೂ ಇಣುಕಬಾರದು, ಕಣ್ಣು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಸಿನಿಮಾ ಮುಗಿದ ಕೂಡಲೇ ಪ್ಲಗ್ ಕೀಳಬಾರದು. ಬಲ್ಬು ಆರಿದ ಮೇಲೂ ಒಳಗಿನ ಫ್ಯಾನು ತಿರುಗುತ್ತಿರುತ್ತದೆ, ಅದು ತಾನಾಗಿ ನಿಲ್ಲುವವರೆಗೆ ಅವನು ಪಕ್ಕದಲ್ಲೇ ಕೂತು ಒಂದು ಅಡಿಕೆ ಜಗಿಯುತ್ತಾನೆ. ಇಲ್ಲದಿದ್ದರೆ ಕಾದ ಬಲ್ಬು ಸಿಡಿಯುತ್ತದೆ ಎಂಬ ಭಯ.

"ಆ ಡಬ್ಬಕ್ಕೆ ಮೈ ಬಿಸಿಯಾದ್ರೆ ಪಕ್ಕದಲ್ಲೇ ಕೂತು ಕಾಯ್ತೀರಿ. ನನಗೆ ಜ್ವರ ಬಂದ್ರೆ ಗಂಜಿ ಎಲ್ಲಿದೆ ಅಂತ ನನ್ನನ್ನೇ ಕೇಳ್ತೀರಿ" ಎನ್ನುತ್ತಿದ್ದಳು ಹೆಂಡತಿ ಸೋಚಿನ್.

"ನಿನಗೆ ಫ್ಯಾನು ಒಳಗೇ ಇಲ್ಲವಲ್ಲ ಮಾರಾಯ್ತಿ" ಎಂದು ಇವನು ನಗುತ್ತಿದ್ದ.

ಇನ್ನೊಂದು ನಿಯಮ ಮಾವ ಹೇಳಿಕೊಟ್ಟದ್ದು. ದೇವರ ಕಣ್ಣಿಗೂ ಪರದೆಗೂ ನಡುವೆ ಏನೂ ಅಡ್ಡ ಬರಬಾರದು, ಮನುಷ್ಯರೂ ಬರಬಾರದು, ವೈರೂ ಹಾಯಬಾರದು. ಅದಕ್ಕೇ ಅವನು ಪ್ರೊಜೆಕ್ಟರನ್ನು ಎಡಕ್ಕೆ ಸರಿಸಿ ಇಡುತ್ತಿದ್ದ. ಓರೆಯಾಗಿ ಬೀಳುವ ಚಿತ್ರವನ್ನು ಗುಂಡಿ ಒತ್ತಿ ಒತ್ತಿ ಚೌಕ ಮಾಡುತ್ತಿದ್ದ. ಗುಡಿಯ ಬಲಗೋಡೆಯ ಪ್ಲಗ್ಗಿನಿಂದ ವೈರು ಎಳೆದು, ಗುಡಿಯ ಬೆನ್ನು ಸುತ್ತಿಸಿ, ಮಾರು ಮಾರಿಗೂ ಕೆಂಪು ಟೇಪಿನಿಂದ ನೆಲಕ್ಕೆ ಅಂಟಿಸಿ, ಎಡಕ್ಕೆ ತರುತ್ತಿದ್ದ. ಅರ್ಧ ಗಂಟೆಯ ಕೆಲಸ. ಎಲ್ಲ ಮುಗಿಸಿ ಶುರು ಮಾಡಿದ ಮೇಲೆ, ಗುಡಿಯ ಪೂಜೆ, ಹಬ್ಬ ನೋಡಿಕೊಳ್ಳುವ ಧೂಪದ ಯಜಮಾನ ಥಿಯಾಮ್‌ಟಿಂಗ್ ಮನೆಯಿಂದ ಫೋನು ಮಾಡುತ್ತಿದ್ದ. ಪ್ರತಿ ಸಲವೂ ಒಂದೇ ಪ್ರಶ್ನೆ.

"ಶುರುವಾಯ್ತಾ ಬೊಕ್ ಅಣ್ಣ? ಜನ ಇದಾರಾ?"

"ಶುರುವಾಯ್ತು. ಯಾರೂ ಇಲ್ಲ."

ಆದರೆ ಒಬ್ಬಳಿದ್ದಳು. ಬೋಂಗ್‌ಛಿ. ಎಪ್ಪತ್ತೆಂಟರ ಮುದುಕಿ, ಹಿಂದೆ ಕಡಲ ಸಿಂಪಿಯ ಚಿಪ್ಪು ಬಿಡಿಸುವ ಕೂಲಿ ಮಾಡುತ್ತಿದ್ದವಳು, ಗಂಡ ಮಕ್ಕಳು ಇಲ್ಲದವಳು. ಅವಳ ಹೆಸರಿನ ಅರ್ಥವೇ 'ಇರಲಿ ಬಿಡು, ಹೇಗೋ ಸಾಕೋಣ' ಎಂದು. ಐದನೆಯದೂ ಹೆಣ್ಣಾಯಿತಲ್ಲ ಎಂದು ಅಪ್ಪ ಇಟ್ಟ ಹೆಸರು. ಹದಿನೆಂಟು ವರ್ಷದಿಂದ ಒಂದು ಸಿನಿಮಾ ತಪ್ಪಿಸದೆ ತನ್ನ ನಾಲ್ಕು ಕಾಲಿನ ಪುಟ್ಟ ಬಿದಿರಿನ ಮಣೆ ಹಿಡಿದು ಬಂದು, ಆಲದ ಮರದ ಕೆಳಗೆ ಒಂದು ಮೂಲೆಯಲ್ಲಿ ಕೂರುತ್ತಿದ್ದಳು. ಮೊದಲಿಗೆ ದೇವತೆಗಳು ಬಂದು ಹರಸುವ ಚಿಕ್ಕ ಚಿತ್ರ ಬಂದಾಗ ಕೈ ಮುಗಿಯುವಳು, ಕೊನೆಯಲ್ಲಿ ಹೆಸರುಗಳು ಓಡುವವರೆಗೆ ಕದಲುತ್ತಿರಲಿಲ್ಲ. ಅವಳು ದಿನವೂ ಕಾಣುವ ಆಲದ ಬಿಳಲಿನ ಹಾಗೆ ಆಗಿಹೋಗಿದ್ದಳು. ಲೆಕ್ಕಕ್ಕೆ ಯಾರು ಹಿಡಿಯುತ್ತಾರೆ?

ಈ ವರ್ಷ ಎರಡನೇ ತಿಂಗಳ ಬಿದಿಗೆ, ಭೂಮಿಯಜ್ಜನ ಹುಟ್ಟುಹಬ್ಬ. ಹಿಂದಿನ ವಾರವೇ ಉದ್ದನೆಯ ವೈರು ಒಂದು ಕಡೆ ಸುಟ್ಟಿತ್ತು, ಛೆಂಗ್‌ಬೊಕ್ ಅದನ್ನು ರಿಪೇರಿಗೆ ಕೊಟ್ಟಿದ್ದ. ಕೈಯಲ್ಲಿದ್ದದ್ದು ಚಿಕ್ಕದು. ಅಂಗಳದ ನಡುವೆ ನೇರ ಎಳೆದರೆ ಸಾಲುತ್ತಿತ್ತು, ಆದರೆ ಅದು ದೇವರ ದಾರಿ. ಛೆ, ಸಾಧ್ಯವೇ ಇಲ್ಲ! ಎಡಗಡೆ ಆಲದ ಆಚೆಗೆ ಚಹಾ ಕುಡಿಯುವ ಚಪ್ಪರ, ಅಲ್ಲೊಂದು ಪ್ಲಗ್ಗಿತ್ತು. ಅಲ್ಲಿಂದ ಎಳೆದ. ಊರಿನಿಂದ ಗುಡಿಗೆ ಬರುವ ಕಾಲುದಾರಿಗೆ ಅಡ್ಡಲಾಗಿ ವೈರು ನೆಲದಿಂದ ಗೇಣುದ್ದ ಮೇಲೆ ಬಿಗಿದು ನಿಂತಿತು. ಅಂಟಿಸೋಣವೆಂದರೆ ನೆಲಕ್ಕೆ ತಾಕುವಷ್ಟು ಸಡಿಲವಿಲ್ಲ. ಮೇಲೆ ಒಂದು ಕೆಂಪು ಬಟ್ಟೆಯನ್ನಾದರೂ ಕಟ್ಟಬಹುದಿತ್ತು, ಅದು ವ್ಯಾನಿನಲ್ಲಿತ್ತು, ವ್ಯಾನು ರಸ್ತೆಯಲ್ಲಿತ್ತು. 'ಯಾರು ಬರ್ತಾರೆ ಇಲ್ಲಿ' ಎಂದುಕೊಂಡ. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳಿದರೇ?

ಬೋಂಗ್‌ಛಿ ಆ ದಿನ ತಡ ಮಾಡಿದಳು. ಹಬ್ಬವಲ್ಲವೇ, ಅಜ್ಜನಿಗೆಂದು ಅಂಟು ಅಕ್ಕಿಯ ಸಿಹಿಯುಂಡೆ ಮಾಡುತ್ತ ಕೂತಿದ್ದಳು. ಬರುವಷ್ಟರಲ್ಲಿ ಮುಸ್ಸಂಜೆ ಕಳೆದು ಪರದೆಯ ಮೇಲೆ ದೇವತೆಗಳು ಬಂದಾಗಿತ್ತು. ಕಣ್ಣು ಪರದೆಯ ಮೇಲೆ ನೆಟ್ಟು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಣೆ ಹಿಡಿದು ಬಿರಬಿರನೆ ಬಂದಳು.

ಛೆಂಗ್‌ಬೊಕ್ ಕಂಡದ್ದು ಇಷ್ಟೇ: ಚಿತ್ರ ಫಕ್ಕನೆ ಆರಿತು. ಫ್ಯಾನಿನ ಸದ್ದೂ ನಿಂತಿತು. ಕಾದ ಬಲ್ಬಿನ ಮೇಲೆ ಫ್ಯಾನು ನಿಂತಿತಲ್ಲಪ್ಪಾ ಎಂದುಕೊಂಡ. ಓಡಿ ಹೋಗಿ ಪ್ರೊಜೆಕ್ಟರಿನ ಮೈಮೇಲೆ ಅಂಗೈಯಿಟ್ಟ, ಟೋಪಿಯಿಂದ ಗಾಳಿ ಬೀಸಿದ. ಆಮೇಲೆ ಕೇಳಿಸಿತು, ಕತ್ತಲಲ್ಲಿ ಒಂದು ನರಳಾಟ.

ಅವಳು ವೈರಿನ ಆಚೆ ಮಗುಚಿ ಬಿದ್ದಿದ್ದಳು. ಉಂಡೆಗಳೆಲ್ಲ ಮಣ್ಣುಪಾಲು. ಕೈಯಿಂದ ಹಾರಿದ ಮಣೆ ಉರುಳಿ ಉರುಳಿ ಅಂಗಳದ ನಟ್ಟನಡುವೆ, ಅಜ್ಜನ ಬಾಗಿಲಿಗೆ ನೇರವಾಗಿ ಹೋಗಿ ಬಿದ್ದಿತ್ತು. ಛೆಂಗ್‌ಬೊಕ್ ಕೂಗಿ ಜನ ಕರೆದ. ಆದರೆ ಕರೆಯುವ ಮುಂಚೆ ಒಂದು ಕೆಲಸ ಮಾಡಿದ. ಆ ವೈರನ್ನು ಸುತ್ತಿ ಚೀಲಕ್ಕೆ ಹಾಕಿದ. ಯಾಕೆ ಹಾಕಿದೆ ಎಂದು ಅವನನ್ನು ಕೇಳಿದರೆ, ಕೈ ತಾನೇ ಮಾಡಿತು ಎನ್ನುತ್ತಾನೆ. ಕೈ ಯಾವತ್ತಾದರೂ ತಾನೇ ಮಾಡುತ್ತದೆಯೇ, ಹೇಳಿ!

"ಅಂಗಳದಲ್ಲಿ ಕರೆಂಟ್ ಹೋಯ್ತು. ಕತ್ತಲಲ್ಲಿ ಬಿದ್ಬಿಟ್ರು" ಎಂದ.

ಥಿಯಾಮ್‌ಟಿಂಗ್ ಟಾರ್ಚು ಬಿಟ್ಟು ನೋಡಿದ. ಬೆಳಕು ಮಣೆಯ ಮೇಲೆ ನಿಂತಿತು. "ಅಯ್ಯಯ್ಯೋ, ಅಜ್ಜನ ಎದುರಿಗೇ ಮಣೆ ಹಾಕಿದಾಳೆ! ಹುಟ್ಟುಹಬ್ಬದ ದಿನ ದೇವರ ಕಣ್ಣಿಗೆ ಅಡ್ಡ ಕೂರೋದಾ? ತಳ್ಳದೆ ಇರ್ತಾನಾ ಮತ್ತೆ?"

ಮಾತು ಒಂದು ಬಾಯಿಂದ ಹತ್ತು ಬಾಯಿಗೆ ಹೋಯಿತು. ಅಜ್ಜ ತಳ್ಳಿದನಂತೆ. ಅದಕ್ಕೇ ಆ ಕ್ಷಣಕ್ಕೆ ಸರಿಯಾಗಿ ಕರೆಂಟೂ ಹೋಯಿತಂತೆ. ಛೆಂಗ್‌ಬೊಕ್ ತುಟಿ ಎರಡು ಮಾಡಲಿಲ್ಲ. ನಿಜ ಹೇಳಿದರೆ ಗುಡಿಯ ಕಮಿಟಿಯವರು ಅವನನ್ನು ಬಿಡಿಸಿ, ಪಕ್ಕದೂರಿನವರಂತೆ ಗೋಡೆಗೊಂದು ಟಿವಿ ತಗುಲಿಸುತ್ತಾರೆ. ನಲವತ್ತಾರು ವರ್ಷದ ಕಸುಬು. ಬೇರೆ ಏನು ಗೊತ್ತು ಅವನಿಗೆ?

ಬೋಂಗ್‌ಛಿಯ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ನಾಗಿ ಮನೆಗೆ ಬಂದಳು, ನಾಲ್ಕು ಕಾಲಿನ ಊರುಗೋಲು ಹಿಡಿದು ಮಂಚದಿಂದ ಬಚ್ಚಲಿಗೆ ಹೋಗುವಷ್ಟಕ್ಕೇ ಸುಸ್ತಾಗುತ್ತಿದ್ದಳು. ಸೋಚಿನ್ ದಿನ ಬಿಟ್ಟು ದಿನ ಮೀನಿನ ಗಂಜಿ ಒಯ್ಯುತ್ತಿದ್ದಳು. ಒಂದು ಮಧ್ಯಾಹ್ನ ಖಾಲಿ ಪಾತ್ರೆ ಹಿಡಿದು ಬಂದವಳು ಜಗುಲಿಯಲ್ಲೇ ಕುಕ್ಕರಿಸಿದಳು.

"ನೋವಿಗೆ ಅಳಲ್ಲ ಕಣ್ರೀ ಅವಳು. ಹುಟ್ಟಿದಾಗ ಅಪ್ಪನಿಗೆ ಬೇಡವಾದೆ, ಈಗ ಅಜ್ಜನಿಗೂ ಬೇಡವಾದೆ ಅಂತ ಅಳ್ತಾಳೆ. ಮನೇಲಿರೋ ದೇವರ ಪಟಾನ ಗೋಡೆ ಕಡೆ ತಿರುಗಿಸಿಟ್ಟಿದಾಳೆ. ನನ್ನ ಮುಖ ನೋಡೋಕೆ ಅವನಿಗಿಷ್ಟ ಇಲ್ಲ ಅಂತ. ಏನು ತಪ್ಪು ಮಾಡಿದ್ಲೋ ಪಾಪ."

"ತಪ್ಪು ನಂದಲ್ಲ" ಎಂದುಬಿಟ್ಟ ಛೆಂಗ್‌ಬೊಕ್.

"ನಿಮ್ಮದು ಅಂತ ಯಾರಂದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಸೋಚಿನ್ ಮೂವತ್ತೊಂಬತ್ತು ವರ್ಷ ಜೊತೆಗೆ ಬಾಳಿದವಳು, ಅವನ ಮುಖವನ್ನೊಮ್ಮೆ, ಮೂಲೆಯಲ್ಲಿದ್ದ ವೈರಿನ ಚೀಲವನ್ನೊಮ್ಮೆ ನೋಡಿದಳು. ಅಂದಿನಿಂದ ಗಂಜಿ ಒಯ್ಯುವಾಗ ಪಾತ್ರೆಯನ್ನು ಒಂದು ಗಳಿಗೆ ಅವನ ಎದುರಿಗೆ ಇಟ್ಟು ನಿಲ್ಲುತ್ತಿದ್ದಳು, ಅವನು ಕದಲದಿದ್ದರೆ ತಾನೇ ಎತ್ತಿಕೊಂಡು ಹೋಗುತ್ತಿದ್ದಳು. ಕಣ್ಣು ಮುಚ್ಚಿದರೆ, ಟೋಪಿಯಿಂದ ಯಂತ್ರಕ್ಕೆ ಗಾಳಿ ಬೀಸುತ್ತ ನಿಂತ ತನ್ನನ್ನು ತಾನೇ ಕಾಣುತ್ತಿದ್ದ. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಳ್ಳುತ್ತಿದ್ದ.

ಎಂಟನೇ ತಿಂಗಳು ಬಂತು. ಹುಣ್ಣಿಮೆಗೆ ಮತ್ತೆ ಸಿನಿಮಾ. ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅವನು ಗುಡಿಗೆ ಹೋಗಿ ಊದಿನಕಡ್ಡಿ ಹಚ್ಚಿದ. ದೇವರಿಗೆ ಪ್ರಶ್ನೆ ಕೇಳಲು ಎಸೆಯುವ, ಅರ್ಧಚಂದ್ರದ ಆಕಾರದ ಮರದ ತುಂಡುಗಳೆರಡನ್ನೂ ಕೈಯಲ್ಲಿ ಹಿಡಿದ. ಎಸೆದಾಗ ಒಂದು ಅಂಗಾತ, ಒಂದು ಬೋರಲು ಬಿದ್ದರೆ ದೇವರು ಹೂಂ ಎಂದಂತೆ. ಎರಡೂ ಬೋರಲಾದರೆ ಊಹೂಂ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ.

"ಅಜ್ಜಾ, ತಪ್ಪಾಯ್ತು. ಕ್ಷಮಿಸಿಬಿಡು. ನಿನಗೂ ನನಗೂ ನಡುವೆ ಇರಲಿ ಇದು" ಎಂದು ಎಸೆದ.

ಎರಡೂ ಅಂಗಾತ. ಮತ್ತೆ ಎಸೆದ, ಅಂಗಾತ. ಮೂರನೇ ಸಲ ಒಂದು ಚಂದ್ರ ದೂರ ಉರುಳಿ ಹೋಯಿತು. ಹಿಂದೆ ಹೋಗಿ ನೋಡಿದ, ಅದೂ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಅಜ್ಜ ನಗುತ್ತಿದ್ದ. ಮೂಳೆ ಮುರಿದದ್ದು ಯಾರದು, ಕ್ಷಮೆ ಕೇಳುತ್ತಿರುವುದು ಯಾರ ಹತ್ತಿರ? ನಗದೆ ಏನು ಮಾಡುತ್ತಾನೆ!

ಆವತ್ತು ಮಧ್ಯಾಹ್ನ ಸೋಚಿನ್ ಪಾತ್ರೆ ಇಟ್ಟಾಗ ಅವನೇ ಎತ್ತಿಕೊಂಡ.

ಬೋಂಗ್‌ಛಿ ಕಿಟಕಿಯ ಪಕ್ಕ ಕೂತಿದ್ದಳು. ಛೆಂಗ್‌ಬೊಕ್ ಗಂಜಿಯನ್ನು ಕೆಳಗಿಟ್ಟು, ಮಂಡಿಯೂರಿ, ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿದ. "ಅಕ್ಕ, ನಿಮ್ಮನ್ನ ಅಜ್ಜ ತಳ್ಳಲಿಲ್ಲ. ಕಾಲಿಗೆ ಸಿಕ್ಕಿದ್ದು ನನ್ನ ವೈರು. ದಾರಿಗೆ ಅಡ್ಡ ಎಳೆದಿದ್ದೆ. ಆಮೇಲೆ ಬಚ್ಚಿಟ್ಟೆ."

ಮುದುಕಿ ಗೋಡೆಗೆ ಮುಖ ಮಾಡಿದ್ದ ಪಟದ ಕಡೆ ನೋಡಿದಳು. ಮತ್ತೆ ಮೆಲ್ಲನೆ ಕೇಳಿದಳು. "ತಳ್ಳಲಿಲ್ವಾ? ನಿಜವಾಗ್ಲೂ?"

"ಅಜ್ಜನಾಣೆಗೂ ಇಲ್ಲ."

ಅವಳು ಕೈಚಾಚಿ ಗೋಡೆಯ ಪಟವನ್ನು ತಿರುಗಿಸಿದಳು. ಅಂಗಿಯ ತೋಳಿನಿಂದ ಅದರ ಧೂಳು ಒರೆಸಿದಳು, ಆಮೇಲೆ ಅದೇ ತೋಳಿನಿಂದ ಕಣ್ಣು ಒರೆಸಿಕೊಂಡಳು. ಒಮ್ಮೆ ನಕ್ಕಳು ಕೂಡ. ಆಮೇಲೆ ಇವನ ಕಡೆ ತಿರುಗಿದಾಗ ಆ ನಗು ಇರಲಿಲ್ಲ.

"ಆರು ತಿಂಗಳು ಕಣೋ ಬೊಕ್. ಆರು ತಿಂಗಳು ನಾನು ದೇವರನ್ನ ಬಯ್ಕೊಂಡು ಕೂತಿದ್ದೆ. ಯಾಕೋ ಅಂಟಿಸಲಿಲ್ಲ ಆ ಹಾಳು ವೈರನ್ನ? ಯಾವಾಗ್ಲೂ ಅಂಟಿಸ್ತಿದ್ದೆಯಲ್ಲ."

"ಯಾರೂ ಬರಲ್ಲ ಅಂದ್ಕೊಂಡೆ ಅಕ್ಕ."

"ಗೊತ್ತು ಬಿಡು. ಹದಿನೆಂಟು ವರ್ಷದಿಂದ ಕೇಳಿಸ್ಕೊಂಡಿದೀನಿ. ನಾನು ಮರದ ಕೆಳಗೆ ಕೂತಿರ್ತೀನಿ, ನಿನ್ನ ಫೋನು ಬರುತ್ತೆ, ನೀನು ನನ್ನ ಕಡೆ ನೋಡ್ಕೊಂಡೇ 'ಯಾರೂ ಇಲ್ಲ' ಅಂತೀಯ. ಮೊದಮೊದಲು ಬೇಜಾರಾಗ್ತಿತ್ತು. ಆಮೇಲೆ ಇರಲಿ ಬಿಡು ಅಂದ್ಕೊಂಡೆ. ನನ್ನ ಹೆಸರೇ ಅದಲ್ವಾ."

ಛೆಂಗ್‌ಬೊಕ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವೈರಿನದು ಒಂದು ದಿನದ ತಪ್ಪು. ಇದಕ್ಕೆ ಏನೆನ್ನುವುದು?

"ನನ್ನ ಕಿವಿಗೆ ಹೇಳಿದ್ದು ಸಾಲದು. ನಾನು ದೇವರಿಗೆ ಅಡ್ಡ ಕೂತೆ ಅಂತ ಊರು ಆಡ್ಕೊಂಡಿದೆ. ಊರಿಗೆ ಹೇಳು. ಮೈಕ್ ಇದೆಯಲ್ಲ ನಿನ್ನ ಹತ್ರ" ಎಂದಳು ಮುದುಕಿ. ಆಮೇಲೆ ಗಂಜಿಯ ಮುಚ್ಚಳ ತೆಗೆದಳು. "ಉಪ್ಪು ಕಮ್ಮಿ ಅಂತ ನಿನ್ನ ಹೆಂಡತಿಗೂ ಹೇಳು."

ಹುಣ್ಣಿಮೆಯ ಸಂಜೆ ರಿಪೇರಿಯಾದ ಉದ್ದನೆಯ ವೈರನ್ನು ಗುಡಿಯ ಬೆನ್ನು ಸುತ್ತಿಸಿ, ಗೇಣು ಗೇಣಿಗೂ ಟೇಪು ಹಚ್ಚಿದ. ಹಚ್ಚಿದ್ದರ ಮೇಲೆ ತಾನೇ ಕಾಲು ಎಳೆದುಕೊಂಡು ನಡೆದು ನೋಡಿದ. ಮರಳಿನ ಚೀಲ ಕಟ್ಟಿದ, ಜಾಲರಿಯ ಮುಂದೆ ಜಾಗ ಬಿಟ್ಟ. ಅಂಗಳ ಖಾಲಿ. ಎಲ್ಲರೂ ಮನೆಯ ಮುಂದೆ ಮಾಂಸ ಸುಡುತ್ತ, ಚಕ್ಕೋತ ಹಣ್ಣು ಸುಲಿಯುತ್ತ ಕೂತಿದ್ದರು. ದೇವತೆಗಳ ಚಿತ್ರ ಹಾಕುವ ಮುಂಚೆ ಅವನು ಮೈಕು ಕೈಗೆತ್ತಿಕೊಂಡು ಧ್ವನಿಯನ್ನು ಪೂರ್ತಿ ಏರಿಸಿದ.

"ನಾನು ಛೆಂಗ್‌ಬೊಕ್ ಮಾತಾಡ್ತಿರೋದು. ಆವತ್ತು ಕರೆಂಟ್ ಹೋಗಿರಲಿಲ್ಲ. ಬೋಂಗ್‌ಛಿ ಅಕ್ಕ ದೇವರಿಗೆ ಅಡ್ಡ ಕೂತಿರಲಿಲ್ಲ. ದೇವರು ಅವರನ್ನ ತಳ್ಳಲಿಲ್ಲ. ಜನ ನಡೆಯೋ ದಾರಿಗೆ ನಾನು ವೈರು ಅಡ್ಡ ಕಟ್ಟಿದ್ದೆ. ಅವರು ಬಿದ್ದಾಗ ಮೊದಲು ಮೆಷಿನ್ ಮುಟ್ಟಿ ನೋಡಿದೆ, ಆಮೇಲೆ ವೈರು ಬಚ್ಚಿಟ್ಟೆ. ಅವರನ್ನ ಆಡ್ಕೊಂಡಿದ್ದೆಲ್ಲ ನನಗೆ ಸೇರಬೇಕಾದ್ದು."

ಊರಿನ ಮೇಲೆ ಮಾತು ಹರಡಿ ನಿಂತಿತು. ಅವನು ಗುಂಡಿ ಒತ್ತಿದ. ಪರದೆಯ ಮೇಲೆ ದೇವತೆಗಳು ಬಂದು ನಿಂತರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಏನಣ್ಣ ಇದು!" ಥಿಯಾಮ್‌ಟಿಂಗ್ ಕಿರುಚಿದ. "ಹಬ್ಬದ ದಿನ ಮೈಕಲ್ಲಿ ಹೇಳೋ ಮಾತಾ? ಕಮಿಟಿಯವರು ಕುದೀತಿದಾರೆ. ಮುಂದಿನ ವರ್ಷ ನಿಮ್ಮನ್ನ ಕರೀತಾರೋ ಇಲ್ವೋ, ನನ್ನ ಕೈಲಿಲ್ಲ."

"ಆಗಲಿ."

ಆ ಕಡೆಯಿಂದ ವಾಡಿಕೆಯ ಪ್ರಶ್ನೆ ತಾನಾಗಿ ಬಂತು. "ಶುರುವಾಯ್ತಾ? ಜನ ಇದಾರಾ?"

ಛೆಂಗ್‌ಬೊಕ್ ಆಲದ ಮರದ ಕಡೆ ನೋಡಿದ. ಹದಿನೆಂಟು ವರ್ಷ ಮಣೆಯ ಕಾಲು ಊರಿ ಊರಿ ಅಲ್ಲಿ ನಾಲ್ಕು ಗುಳಿ ಬಿದ್ದಿದ್ದವು. ಅವಳು ಇನ್ನು ಅಷ್ಟು ದೂರ ನಡೆದು ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

"ಶುರುವಾಯ್ತು" ಎಂದ. "ಒಬ್ಬರು ಬಂದಿಲ್ಲ."