ಬ್ರಾಕೆಟ್ ಲೈಬ್ರರಿ ಆರಿಸಿದ್ದು

ನನ್ನ ತಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬ್ರಾಕೆಟ್ ಎಂದೇ ಕರೆಯುತ್ತಾರೆ. ಅವನು ಬರೆಯುವ ಪ್ರೋಗ್ರಾಮುಗಳಲ್ಲಿ ಅಕ್ಷರಗಳಿಗಿಂತ ಬ್ರಾಕೆಟ್ಟುಗಳೇ ಹೆಚ್ಚು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಜೆರಾಕ್ಸ್ ಪುಸ್ತಕ ಓದಿ ಲಿಸ್ಪ್ ಜಾತಿಯ ಯಾವುದೋ ಕಂಪ್ಯೂಟರ್ ಭಾಷೆಯನ್ನು ಹಚ್ಚಿಕೊಂಡವನು ನಲವತ್ತಾದರೂ ಬಿಟ್ಟಿಲ್ಲ. ಉಳಿದ ಭಾಷೆಗಳೆಲ್ಲ ಅವನಿಗೆ ಬರೀ ಗದ್ದಲ. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೊಬ್ಬನೇ. ನಾನು ಅಲ್ಲೇ ಡಯಾಲಿಸಿಸ್ ವಾರ್ಡಿನ ಹೆಡ್ ನರ್ಸ್. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ. ಇವನ ಜೊತೆ ಬೆಳೆದವರಿಗೆ ಇನ್ನೆಲ್ಲಿರಬೇಕು ಸ್ವಾಮಿ?

ಕೆಟ್ಟವನಲ್ಲ. ಆದರೆ ಆರಿಸುವುದು ಎಂಬ ಕೆಲಸ ಬಂದರೆ ಮುಗಿಯಿತು, ಮೀನ ಮೇಷ ಎಣಿಸುತ್ತಾ ಕೂತುಬಿಡುತ್ತಾನೆ. ಒಂದು ಜೊತೆ ಚಪ್ಪಲಿಗೆ ಮೂರು ಸಂಜೆ ಹಿಡಿದವನು ಇವನು. ಎರಡನೇ ಸಂಜೆಯೇ ಅಂಗಡಿಯವನು, "ಅಣ್ಣಾ, ನಿಮಗೆ ಕೈ ಮುಗೀತೀನಿ, ಬರಿಗಾಲಲ್ಲಿ ಓಡಾಡಿ," ಎಂದಿದ್ದ. ಇವನ ಹೆಂಡತಿ ಮನೆಗೆ ಬಣ್ಣ ಹೊಡೆಸುವಾಗ ಇವನನ್ನು ನಾಲ್ಕು ದಿನ ನನ್ನ ಮನೆಗೆ ಕಳಿಸಿದ್ದಳು. ಕಳಿಸುವಾಗ, "ಅತ್ತಿಗೆ, ಗೋಡೆ ಒಣಗೋವರೆಗೂ ಇಟ್ಕೊಳ್ಳಿ," ಎಂದಳು.

ಈಗ ವಾರ್ಡಿನ ವಿಷಯ. ನಮ್ಮಲ್ಲಿರುವುದು ಆರು ಮಿಷನ್, ಇಪ್ಪತ್ತೆರಡು ಜನ ರೋಗಿಗಳು. ಒಬ್ಬೊಬ್ಬರಿಗೂ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಟೆಕ್ನೀಷಿಯನ್ ಬೆಳಗ್ಗೆ ನಾಲ್ಕಕ್ಕೆ ಬಂದು ಪರೀಕ್ಷೆ ಮಾಡಿದಾಗಲೇ ಯಾವ ಮಿಷನ್ ಕೆಟ್ಟಿದೆ ಎಂದು ತಿಳಿಯುವುದು. ಅವನು ಫೋನ್ ಮಾಡುತ್ತಾ ಕೂತರೆ ಉಳಿದ ಮಿಷನ್‌ಗಳನ್ನು ತೊಳೆದು ಅಣಿಮಾಡುವವರು ಯಾರು? ಅವನ ಕೆಲಸ ಮುಗಿಯುವಷ್ಟರಲ್ಲಿ ದೂರದವರು ಬಸ್ ಹತ್ತಿಬಿಟ್ಟಿರುತ್ತಾರೆ. ಬಂದ ಮೇಲೆ, "ನಿಮ್ಮ ಮಿಷನ್ ಕೆಟ್ಟಿದೆ, ಎರಡು ಗಂಟೆಗೆ ಬೇರೆ ಮಿಷನ್ ಖಾಲಿಯಾಗುತ್ತೆ, ಕಾಯಿರಿ," ಎಂದು ನಾನು ಹೇಳಬೇಕು. ಏಳು ಗಂಟೆ ಆ ಬೆಂಚಿನ ಮೇಲೆ ಕೂರುವ ಶಕ್ತಿ ಅವರಿಗೆ ಎಲ್ಲಿಂದ ಬರಬೇಕು?

ಅವರಲ್ಲಿ ಒಬ್ಬರು ರಿಟೈರಾದ ಲೆಕ್ಕದ ಮೇಷ್ಟ್ರು. ಹೆಂಡತಿಯ ತೋಳು ಹಿಡಿದು ಎರಡು ಗಂಟೆ ಬಸ್ಸಿನಲ್ಲಿ ಬರುತ್ತಾರೆ. ಎರಡು ಸಲ ಹಾಗೆ ಬಂದು, ಕಾಯಲಾರದೆ, ಊದಿದ ಕಾಲನ್ನು ಎಳೆದುಕೊಂಡು ವಾಪಸ್ ಹೋದರು. ಎರಡನೇ ಸಲ ಅವರು ಹೋದ ಬೆನ್ನಿಗೇ ನೆಟ್ಟಗೆ ತಮ್ಮನ ಕೋಣೆಗೆ ಹೋದೆ. ಆಮ್ಲಜನಕದ ಸಿಲಿಂಡರ್ ಇಡುವ ಜಾಗದ ಪಕ್ಕದ ಕೋಣೆ ಅದು.

"ನೋಡೋ, ನಾಲ್ಕು ಗಂಟೆಗೆ ಟೆಕ್ನೀಷಿಯನ್ ಕಂಪ್ಯೂಟರಲ್ಲಿ ಒತ್ತಿದ ತಕ್ಷಣ ಅವತ್ತಿನ ಪಟ್ಟಿ ರೋಗಿಗಳ ಫೋನಲ್ಲಿ ಕಾಣಬೇಕು. ಪಾಳಿ ಬದಲಾದವರಿಗೆ ಮೆಸೇಜ್ ಹೋಗಬೇಕು. ಆಗುತ್ತಾ?"

"ಅಯ್ಯೋ, ಅದೇನು ಮಹಾ ಅಕ್ಕ! ಒಂದು ವೆಬ್ ಪುಟ, ಅದರ ಹಿಂದೆ ಒಂದು ಚಿಕ್ಕ ಶೆಲ್ ಕೆಲಸ. ಎರಡು ದಿನ ಸಾಕು. ಯಾವ ಲೈಬ್ರರಿ ಹಾಕೋದು ಅಂತ ಮಾತ್ರ ನೋಡ್ಬೇಕು."

ಆ 'ಮಾತ್ರ' ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಲೈಬ್ರರಿ ಎಂದರೆ ಪುಸ್ತಕ ಇಡುವ ಜಾಗವಲ್ಲ, ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಕೋಡು. ಅದನ್ನು ತಂದು ಸೇರಿಸಿಕೊಂಡರೆ ಎಲ್ಲವನ್ನೂ ಮೊದಲಿಂದ ಬರೆಯುವುದು ತಪ್ಪುತ್ತದೆ. ಇವನ ಭಾಷೆಯಲ್ಲಿ ವೆಬ್ಬಿಗೆ ಅಂಥವು ಏಳೋ ಎಂಟೋ ಇದ್ದವು; ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಶೆಲ್ ಕೆಲಸಕ್ಕೆ ಇನ್ನಷ್ಟು. ಇವನು ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದ. ಮೊದಲನೆಯದು ಚೊಕ್ಕವಾಗಿತ್ತು, ಇನ್ನೂರು ಸಾಲಿನದು. ಅದನ್ನು ಮೊದಲ ದಿನವೇ ಹೊಡೆದುಹಾಕಿದ.

"ಆರು ವರ್ಷದಿಂದ ಯಾರೂ ಮುಟ್ಟಿಲ್ಲ ಅಕ್ಕ. ಸತ್ತಿದೆ."

ಇನ್ನೊಂದನ್ನು ಹಿಂದಿನ ವಾರವಷ್ಟೇ ತಿದ್ದಿದ್ದರು. ಸಂತೋಷಪಡಬೇಕಲ್ಲ? ಇಲ್ಲ! "ವಾರವಾರ ಬದಲಾಗೋದನ್ನ ಹೇಗೆ ನಂಬೋದು?" ಮತ್ತೊಂದು ಒಳ್ಳೆಯದೇ, ಆದರೆ ಅದರ ಬಾಲ ಹಿಡಿದು ಇನ್ನೂ ಹನ್ನೊಂದು ಬರುತ್ತವಂತೆ. ಶೆಲ್ಲಿನದೊಂದು ನೋಡಲು ಬಲು ಚೆಂದ, ಕೊಟ್ಟ ಆಜ್ಞೆ ಅರ್ಧಕ್ಕೆ ನಿಂತರೆ ಮಾತ್ರ ಬಾಯಿ ಬಿಡುವುದಿಲ್ಲ. ಮೂರನೇ ವಾರ ನಾನು ಹೋದಾಗ ಇವನು ಒಂದೊಂದು ಲೈಬ್ರರಿ ಬರೆದವರಿಗೂ ಕಾಗದ ಬರೆದು ಮುಗಿಸಿದ್ದ: ನೀವು ಇಲ್ಲವಾದರೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?

"ಸಂಬಂಧ ನೋಡ್ತಿದ್ದೀಯೇನೋ?" ಎಂದೆ.

"ರೋಗಿಗಳ ವಿಷಯ ಅಕ್ಕ. ನಾಳೆ ಕೈಕೊಟ್ರೆ?"

"ಇವತ್ತೇ ಕೈಕೊಡ್ತಿದೆಯಲ್ಲೋ ಮಾರಾಯ! ನಿನ್ನೆ ಇಬ್ಬರು ವಾಪಸ್ ಹೋದರು!"

ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದ. ಸತ್ತಿದೆ ಎಂದು ಹೊಡೆದುಹಾಕಿದ್ದನಲ್ಲ, ಅದನ್ನು ಬರೆದವನಿಂದ ಉತ್ತರವೂ ಬಂದಿತ್ತು, ಒಂದೇ ಸಾಲು: 'ಇದು ಸತ್ತಿಲ್ಲ, ಮುಗಿದಿದೆ.' ನನ್ನ ತಮ್ಮ ಅದನ್ನು ನನಗೆ ತೋರಿಸಿ, "ಅಹಂಕಾರ ನೋಡು ಇವನಿಗೆ," ಎಂದ. ನನಗೆ ಅದರ ತಲೆಬುಡ ಅರ್ಥವಾಗಲಿಲ್ಲ. ಬೈದು ಬೈದು ಬಾಯಿ ನೋವಾಗಿ ವಾರ್ಡಿಗೆ ಬಂದೆ. ಹೀಗೆ ಎಂಟು ವಾರ ಕಳೆಯಿತು.

ಎಂಟನೇ ವಾರದ ಶನಿವಾರ ಎರಡು ಮಿಷನ್ ಒಟ್ಟಿಗೆ ಕೆಟ್ಟವು. ಮೇಷ್ಟ್ರು ಏಳಕ್ಕೆ ಬಂದು ಹನ್ನೊಂದರವರೆಗೆ ಕೂತರು. ಆಮೇಲೆ ಬೆನ್ನು ನಿಲ್ಲುತ್ತಿಲ್ಲ ಎಂದು ಎದ್ದರು. "ಇನ್ನು ಮೂರೇ ಗಂಟೆ ಸರ್, ದಯವಿಟ್ಟು ಇರಿ," ಎಂದು ನಾನು ಗೋಗರೆದೆ. "ಆಗಲ್ಲಮ್ಮ. ಮೊದಲೇ ಗೊತ್ತಿದ್ದಿದ್ರೆ ಹನ್ನೆರಡರ ಬಸ್ಸಿಗೆ ಬರ್ತಿದ್ದೆ," ಎಂದು ಹೊರಟೇಬಿಟ್ಟರು. ಭಾನುವಾರ ವಾರ್ಡಿಗೆ ರಜೆ. ಸೋಮವಾರ ಬೆಳಗ್ಗೆ ಅವರು ಬಸ್ಸಿನಲ್ಲಿ ಬರಲಿಲ್ಲ, ಸ್ಟ್ರೆಚರಿನ ಮೇಲೆ ಬಂದರು. ಶ್ವಾಸಕೋಶದಲ್ಲಿ ನೀರು ತುಂಬಿ ತುಟಿ ನೀಲಿಯಾಗಿತ್ತು. ಪಕ್ಕದಲ್ಲಿ ಅವರ ಹೆಂಡತಿ, ಅವರ ಚಪ್ಪಲಿಗಳನ್ನು ಎದೆಗವಚಿಕೊಂಡು ಓಡಿಬರುತ್ತಿದ್ದರು.

ಬ್ರಾಕೆಟ್ ಅವತ್ತು ನಮ್ಮ ಪ್ರಿಂಟರ್ ಸರಿಮಾಡಲು ಬಂದವನು ಬಾಗಿಲಲ್ಲೇ ನಿಂತಿದ್ದ. ಸ್ಟ್ರೆಚರಿಗೆ ದಾರಿ ಬಿಡಲೂ ಅವನಿಗೆ ತೋಚಲಿಲ್ಲ. "ಸರಿಯೋ ಆಚೆ!" ಎಂದು ಕಿರುಚಿದೆ. ನಾಲ್ಕು ಗಂಟೆ ಮಿಷನ್ನಿಗೆ ಹಾಕಿ ಮೂರು ಲೀಟರ್ ನೀರು ತೆಗೆದ ಮೇಲೆ ಮೇಷ್ಟ್ರು ಮಾತಾಡಿದರು. ನಾನು ಆಗ ಮೊದಲ ಸಲ ಕೂತೆ. ಸುತ್ತ ನೋಡಿದರೆ ತಮ್ಮ ಇರಲಿಲ್ಲ.

ಬುಧವಾರ ಮಧ್ಯಾಹ್ನ ಬಂದು ನನ್ನ ಮೇಜಿನ ಮೇಲೆ ಫೋನ್ ಇಟ್ಟ. ಅದರಲ್ಲಿ ಪಟ್ಟಿ ಇತ್ತು. ಆರು ಮಿಷನ್, ಇಪ್ಪತ್ತೆರಡು ಹೆಸರು, ಪಾಳಿಯ ಹೊತ್ತು. ಪರೀಕ್ಷೆಗೆಂದು ಟೆಕ್ನೀಷಿಯನ್ ಆ ಕಡೆಯಿಂದ 'ಮಿಷನ್ ನಾಲ್ಕು ಕೆಟ್ಟಿದೆ' ಎಂದು ಒತ್ತಿದ. ಈ ಕಡೆ ಪಟ್ಟಿ ಬದಲಾಯಿತು, ನನ್ನ ಫೋನಿಗೆ ಮೆಸೇಜ್ ಬಂತು.

"ಯಾವ ಲೈಬ್ರರಿ ಹಾಕಿದ್ಯೋ ಕೊನೆಗೆ?"

"ಆ ಮೊದಲನೇದೇ. ಪೂರ್ತಿ ಕೂತು ಓದಿದೆ ಅಕ್ಕ, ಇನ್ನೂರು ಸಾಲೂ. ಒಂದು ತಪ್ಪೂ ಇಲ್ಲ. ಆರು ವರ್ಷದಿಂದ ಮುಟ್ಟಿಲ್ಲ ಅಂದ್ರೆ ಮುಟ್ಟೋಕೆ ಏನೂ ಉಳಿದಿಲ್ಲ ಅಂತ. ನಾನು ತಾರೀಕು ನೋಡಿದೆ, ಒಳಗೆ ನೋಡಲಿಲ್ಲ. ಶೆಲ್ಲಿಗೆ ಲೈಬ್ರರಿನೇ ಬೇಕಾಗಲಿಲ್ಲ, ಭಾಷೆಯಲ್ಲಿ ಇದ್ದಿದ್ದೇ ಸಾಕಾಯ್ತು."

"ಓದೋಕೆ ಎಷ್ಟು ಹೊತ್ತು ಹಿಡೀತು?"

"ಒಂದು ಗಂಟೆ."

ಒಂದು ಗಂಟೆ! ನಾನು ರಿಜಿಸ್ಟರ್ ತೆಗೆದು ಅವನ ಮುಂದೆ ತಳ್ಳಿದೆ. ಆ ಎಂಟು ವಾರದಲ್ಲಿ ವಾಪಸ್ ಹೋದವರ ಹೆಸರುಗಳಿಗೆ ಕೆಂಪು ಗುರುತು ಹಾಕಿಟ್ಟಿದ್ದೆ. ಹನ್ನೊಂದು ಇದ್ದವು. ಬೆರಳಿಟ್ಟು ಒಂದೊಂದನ್ನೇ ಓದಿದ. "ಬೈಯಿ ಅಕ್ಕ," ಎಂದ. ಬೈಯಲಿಲ್ಲ. ಅಳು ಬರುವಷ್ಟು ಸುಸ್ತಾಗಿತ್ತು, ರಿಜಿಸ್ಟರ್ ಮುಚ್ಚಿಟ್ಟೆ.

ಮುಂದಿನ ವಾರ ಒಂದು ಮಿಷನ್ ಮತ್ತೆ ಕೆಟ್ಟಿತು. ನಾಲ್ಕೂವರೆಗೆ ಮೆಸೇಜುಗಳು ಹೋದವು. ಅವತ್ತು ಬೆಂಚಿನ ಮೇಲೆ ಕಾಯುವವರು ಯಾರೂ ಇರಲಿಲ್ಲ. ಮೇಷ್ಟ್ರು ಮನೆಯಲ್ಲೇ ಮಲಗೆದ್ದು, ಊಟ ಮಾಡಿ, ಸರಿಯಾಗಿ ಎರಡು ಗಂಟೆಗೆ ಬಂದರು. ಸೂಜಿ ಚುಚ್ಚುವಾಗ, ನಿನ್ನ ತಮ್ಮನನ್ನು ಕರೆಸು ಎಂದರು. ಅವನು ಬಂದು ಮಂಚದ ಪಕ್ಕ ನಿಂತ.

"ಬಹಳ ಉಪಕಾರ ಮಾಡ್ದೆ ಕಣಯ್ಯ," ಎಂದರು ಮೇಷ್ಟ್ರು. "ನಾನು ಸೋಮವಾರ ಆ ಸ್ಥಿತಿಲಿ ಬಂದೆ, ನೀನು ಬುಧವಾರಕ್ಕೆಲ್ಲ ಮಾಡಿ ಮುಗಿಸಿದ್ಯಂತೆ. ಎರಡೇ ದಿನದಲ್ಲಿ! ಇಂಥ ಚುರುಕು ಹುಡುಗರು ಬೇಕು."

ನನ್ನ ತಮ್ಮ ನನ್ನ ಕಡೆ ನೋಡಿದ. ನಾನು ಟ್ಯೂಬಿಗೆ ಪ್ಲಾಸ್ಟರ್ ಅಂಟಿಸುತ್ತಿದ್ದೆ. ಸುಮ್ಮನೆ ತಲೆಯಾಡಿಸಿ ಹೊರಡುತ್ತಾನೆ ಎಂದುಕೊಂಡೆ.

"ಎರಡು ದಿನ ಅಲ್ಲ ಸರ್," ಎಂದ. "ಎರಡು ತಿಂಗಳ ಹಿಂದೆಯೇ ಅಕ್ಕ ಕೇಳಿದ್ಲು. ನಾನು ಆರಿಸ್ತಾ ಕೂತಿದ್ದೆ. ಮಾಡಿದ್ರೆ ನೀವು ಅವತ್ತು ವಾಪಸ್ ಹೋಗ್ತಿರಲಿಲ್ಲ."

ಮೇಷ್ಟ್ರ ಮುಖದ ನಗು ಇಳಿಯಿತು.

"ಆ ಭಾನುವಾರ ಪೂರ್ತಿ ನನ್ನ ಹೆಂಡ್ತಿ ನನ್ನ ತಲೆದಿಂಬು ಎತ್ತಿ ಹಿಡ್ಕೊಂಡು ಕೂತಿದ್ಲು ಕಣಯ್ಯ," ಎಂದರು. "ನನಗೆ ಹೇಳಿದ್ದಾಯ್ತು. ಹೊರಗೆ ಕೂತಿದ್ದಾಳೆ, ಹೋಗಿ ಅವಳಿಗೆ ಹೇಳು."