ಕುಪ್ಪನ ಮುಷ್ಟಿಯೊಳಗಿನ ಟಗರು

ಕುಮಟಾದಿಂದ ಭಟ್ಕಳಕ್ಕೆ ಹೋಗುವ ಲೋಕಲ್ ಬಸ್ಸಿನಲ್ಲಿ ಪವಿತ್ರಾ ಅಂಬಿಗ ಕಂಡಕ್ಟರು. ಅವಳು ಸೀಟಿ ಊದಿದರೆ ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರು ತಾವಾಗಿಯೇ ಒಳಗೆ ಸರಿಯುತ್ತಾರೆ. ಯಾರಾದರೂ ಚಿಲ್ಲರೆ ಮರೆತು ಇಳಿದುಹೋದರೆ ಮರುದಿನ ಗುರುತಿಟ್ಟು ಕರೆದು ಕೊಡುತ್ತಾಳೆ. ಡಿಪೋದಲ್ಲಿ ಇದಕ್ಕಾಗಿ ಅವಳನ್ನು ತಮಾಷೆ ಮಾಡುವವರಿದ್ದರು. ಆಸೆ ಎಂಬ ಮಾತಿಗೇ ಹೆದರಿ ಬೆಳೆದವಳು ಅವಳು ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅವಳ ಅಪ್ಪ ಕುಪ್ಪ ಹೊನ್ನಾವರದ ಹತ್ತಿರ ಶರಾವತಿಯಲ್ಲಿ ಮುಳುಗಿ ಮರಳು ತೆಗೆಯುತ್ತಿದ್ದ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಬಕೆಟ್ಟು. ಹಗ್ಗದ ಇನ್ನೊಂದು ತುದಿ ದೋಣಿಯ ಮೇಲಿದ್ದ ತಮ್ಮ ಉಮೇಶನ ಕೈಯಲ್ಲಿ. ಕೆಳಗಿನಿಂದ ಅಣ್ಣ ಜಗ್ಗಿದರೆ ತಮ್ಮ ಎಳೆದುಕೊಳ್ಳಬೇಕು. ಪವಿತ್ರಾ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕುಪ್ಪನನ್ನು ಹೆಣವಾಗಿ ದೋಣಿ ಕಟ್ಟುವ ಧಕ್ಕೆಗೆ ತಂದರು. ಸೇರಿದ ಜನರ ನಡುವೆ ಉಮೇಶ ಎದೆ ಬಡಿದುಕೊಂಡು ಅತ್ತ.

"ಸಾಕು, ಇವತ್ತಿಗೆ ಆತು ಅಂದೆ ಅಣ್ಣಂಗೆ. ಕೆಳಗೆ ಎಂತದೋ ಹೊಳೀತದೆ ಅಂದ. ಹಗ್ಗ ಸಾಲೂದಿಲ್ಲ ಹೇಳಿ ಬಿಚ್ಚಿಟ್ಟು ಮುಳುಗ್ದ. ಮುಷ್ಟಿ ಬಿಡಿಸಿದ್ರೆ, ನೋಡಿ, ಇದು!"

ಅವನ ಅಂಗೈಯಲ್ಲಿ ಒಂದು ಹಸಿರುಗಟ್ಟಿದ ನಾಣ್ಯವಿತ್ತು. ಒಂದು ಬದಿಯಲ್ಲಿ ಹೆಂಗಸಿನ ಮುಖ, ಇನ್ನೊಂದು ಬದಿಯಲ್ಲಿ ಓಡುತ್ತ ಹಿಂದಿರುಗಿ ನೋಡುವ ಕುರಿಯಂಥ ಪ್ರಾಣಿ.

ಆ ಹೊತ್ತಿನಿಂದ ಕುಪ್ಪ ಊರಿನವರ ಬಾಯಲ್ಲಿ ಆಸೆಬುರುಕ ಕುಪ್ಪನಾದ. ಅವನ ಹೆಂಡತಿ ದುರ್ಗಿ ನಾಣ್ಯವನ್ನು ಬಿಸಾಡಲಿಲ್ಲ, ದೇವರ ಹಲಗೆಯ ಮೂಲೆಯಲ್ಲಿ ಇಟ್ಟಳು. ಆದರೆ ಗಂಡನ ಹೆಸರಿನಲ್ಲಿ ಒಂದು ದಿನವೂ ಕಣ್ಣೀರು ಹಾಕಲಿಲ್ಲ. "ಒಂದು ಬಿಲ್ಲೆ ಕಂಡು ಹೆಂಡ್ತಿ ಮಗಳನ್ನ ಬಿಟ್ಟವ" ಎನ್ನುತ್ತಿದ್ದಳು. ಮಗಳು ಅಂಗಡಿಯ ಮುಂದೆ ಏನಾದರೂ ಬೇಕೆಂದು ಹಟ ಹಿಡಿದರೆ, "ಅಪ್ಪನ ಬುದ್ಧಿ ಬಂತಾ?" ಎಂದು ಗದರುತ್ತಿದ್ದಳು. ಹುಡುಗಿ ಬೇಡುವುದನ್ನು ಬಿಟ್ಟಳು. ದೊಡ್ಡವಳಾಗಿ, ಮದುವೆಯಾಗಿ, ಮಗುವಿನೊಂದಿಗೆ ಅಮ್ಮನ ಮನೆಯಲ್ಲೇ ಉಳಿದ ಮೇಲೂ ಒಳ್ಳೆಯ ಸೀರೆ ಉಟ್ಟ ದಿನ ತಪ್ಪು ಮಾಡಿದಂತೆ ಮುದುಡಿಕೊಂಡಿರುತ್ತಿದ್ದಳು.

ಅವಳನ್ನು ಸಾಕಿದವನು ಚಿಕ್ಕಪ್ಪ ಉಮೇಶ. ಅವನಿಗೆ ಮದುವೆಯಾಗಲಿಲ್ಲ. ಪಕ್ಕದ ಮನೆಯಲ್ಲೇ ಇದ್ದು ಊಟಕ್ಕೆ ಇಲ್ಲಿಗೇ ಬರುತ್ತಿದ್ದ. ಮಳೆಗಾಲದಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನು. ಜ್ವರ ಬಂದಾಗ ಮಿರ್ಜಾನದ ಗುರುತಿನವರ ಮನೆಗೆ ಹೋಗಿ ನಾಟಿ ಔಷಧಿ ತಂದವನು ಅವನು. ಕಂಡಕ್ಟರ್ ಕೆಲಸದ ಅರ್ಜಿ ಹಾಕಿಸಿದವನೂ ಅವನೇ. ಅಣ್ಣನ ದೋಣಿಗೆ ಬರುವ ಮೊದಲು ಹರೆಯದಲ್ಲಿ ಸ್ವಲ್ಪ ಕಾಲ ಸರಕಿನ ಹಡಗಿನಲ್ಲಿ ಅಡುಗೆಯವನ ಕೈಕೆಳಗೆ ದುಡಿದಿದ್ದರಿಂದ ಅವನ ಹತ್ತಿರ ಕಥೆಗಳಿಗೆ ಬರವಿರಲಿಲ್ಲ. ಇಸ್ಕೆಂದರೂನ್ ಎಂಬ ಬಂದರಿನಲ್ಲಿ ಕುರಿಮಾಂಸವನ್ನು ಕಂಬಿಗೆ ಪೋಣಿಸಿ ಸುಡುವುದನ್ನು ಅವನು ಹೇಳಿದರೆ ಪವಿತ್ರಾಳ ಬಾಯಲ್ಲಿ ನೀರೂರುತ್ತಿತ್ತು. ಅಪ್ಪ ಬಿಟ್ಟುಹೋದರೂ ಚಿಕ್ಕಪ್ಪ ಬಿಡಲಿಲ್ಲ ಎಂದು ಅವಳು ನಂಬಿದ್ದಳು.

ಬಸ್ಸಿಗೆ ಪ್ರತಿದಿನ ಕುಮಟಾದಲ್ಲಿ ಹತ್ತುವವರಲ್ಲಿ ಮಧುರಾ ಹೆಗಡೆ ಒಬ್ಬರು. ಕತಗಾಲದ ಕಡೆಯವರು, ಹೊನ್ನಾವರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ಒಂದು ಬೆಳಗ್ಗೆ ಅವರು ಮೊಬೈಲಿನಲ್ಲಿ ಹಳೆಯ ನಾಣ್ಯಗಳ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಪವಿತ್ರಾ ಬಗ್ಗಿ ನೋಡಿದಳು.

"ನಮ್ಮನೇಲೂ ಒಂದಿದೆ ಮೇಡಂ. ಕುರಿ ಓಡೂ ಹಾಂಗಿದೆ."

"ಕುರಿಯೇನೇ? ನಾಳೆ ತೋರ್ಸು ಮಾರಾಯ್ತಿ."

ಮರುದಿನ ಹೊನ್ನಾವರ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮಧುರಾ ಭೂತಗನ್ನಡಿ ಹಿಡಿದು ನೋಡಿದರು. ಫೋಟೋ ತೆಗೆದುಕೊಂಡರು. ಕೆಲವು ದಿನ ಬಿಟ್ಟು ಬಸ್ಸು ಹತ್ತುವಾಗಲೇ ಅವರ ಮುಖ ಅರಳಿತ್ತು.

"ಅದು ಕುರಿಯಲ್ಲ ಪವಿತ್ರಾ, ಟಗರು. ತಲೆ ಮೇಲೊಂದು ನಕ್ಷತ್ರ ಇದೆ ನೋಡು. ಈ ಬದಿಗೆ ಇರೋಳು ಊರಿನ ದೇವತೆ, ಕೋಟೆ ಗೋಡೇನೇ ಅವಳ ಕಿರೀಟ. ಸುತ್ತ ಇರೋದು ಗ್ರೀಕ್ ಅಕ್ಷರ. ಆಂಟಿಯೋಕ್ ಅಂತ ಊರು, ಸಿರಿಯಾ ಪ್ರಾಂತ್ಯದ್ದು. ರೋಮಿನವರು ಆಳ್ತಿದ್ದ ಕಾಲದಲ್ಲಿ ಆ ಊರಿನವರೇ ಅಚ್ಚು ಹಾಕಿದ ಚಿಲ್ಲರೆ ಕಾಸು. ಎರಡು ಸಾವಿರ ವರ್ಷ ಹತ್ತಿರ ಆಯ್ತು. ಇದು ನಿಜವಾಗಿ ಶರಾವತಿಯಲ್ಲೇ ಸಿಕ್ಕಿದ್ದಾ?"

"ನಮ್ಮಪ್ಪನ ಮುಷ್ಟಿಯಲ್ಲಿ" ಎಂದಳು ಪವಿತ್ರಾ. ಆ ಮಾತನ್ನು ತಲೆಯೆತ್ತಿ ಹೇಳಿದ್ದು ಅವಳ ಜೀವನದಲ್ಲಿ ಅದೇ ಮೊದಲು. ಮನೆಗೆ ಹೋಗಿ ಅಮ್ಮನಿಗೂ ಹೇಳಿದಳು. ದುರ್ಗಿ ಮೀನು ಹಸನು ಮಾಡುತ್ತ, "ಯಾವ ರಾಜಂದಾದ್ರೆ ನಂಗೆಂತ?" ಎಂದಳು.

ನಾಣ್ಯವನ್ನು ಸರಿಯಾಗಿ ನೋಡಬೇಕೆಂದು ಮಧುರಾ ಒಂದು ವಾರ ತಮ್ಮಲ್ಲಿ ಇಟ್ಟುಕೊಂಡರು. ಆಮೇಲೆ ಪವಿತ್ರಾಳನ್ನು ರಜೆಯ ದಿನ ಕಾಲೇಜಿಗೆ ಕರೆದರು. ಮೇಜಿನ ಮೇಲೆ ಎರಡು ನಾಣ್ಯಗಳಿದ್ದವು. ಒಂದು, ಹೊಳೆಯ ಮುಖದಲ್ಲಿ ಬಲೆಗೆ ಸಿಕ್ಕಿದ ಬ್ರಿಟಿಷರ ಕಾಲದ ತಾಮ್ರದ ಕಾಸು. ಅದನ್ನು ಉಪ್ಪುನೀರು ತಿಂದು ಅಂಚೆಲ್ಲ ಹರಕಾಗಿತ್ತು, ಮೈಯೆಲ್ಲ ಹೊಂಡ. ಇನ್ನೊಂದು ಟಗರಿನ ನಾಣ್ಯ. ಅದರ ಮೈ ನುಣುಪಾಗಿತ್ತು, ಅಕ್ಷರಗಳ ಸಂದಿಯಲ್ಲಿ ಹಳದಿ ಮಣ್ಣು ಕಲ್ಲಿನಂತೆ ಕಚ್ಚಿಕೊಂಡಿತ್ತು.

"ಬೇಜಾರು ಮಾಡ್ಕೋಬೇಡ" ಎಂದರು ಮಧುರಾ. "ನಾಣ್ಯ ಖರೆ. ಆದ್ರೆ ಇದು ಒಣ ನೆಲದಲ್ಲಿ ಹೂತಿದ್ದದ್ದು, ಹೊಳೇಲಿ ಇದ್ದದ್ದಲ್ಲ. ಇಲ್ಲಿ ಅಂಚಿಗೆ ನೋಡು, ಬೂದಿ ಬಣ್ಣದ ಚುಕ್ಕೆ. ಅದು ಬೆಸುಗೆ. ಯಾರೋ ಇದಕ್ಕೆ ಸಣ್ಣ ರಿಂಗ್ ಹಚ್ಚಿ ಕೀಚೈನ್ ಮಾಡಿದ್ರು. ಈಗಿನ ಕಾಲದ ಬೆಸುಗೆ. ಆ ಕಡೆ ಬಂದರುಗಳಲ್ಲಿ ಇಂಥವನ್ನ ಬೀದೀಲಿ ಮಾರ್ತಾರೆ."

"ಆ ಕಡೆ ಅಂದ್ರೆ ಎಲ್ಲಿ ಮೇಡಂ?"

ಮಧುರಾ ಮೊಬೈಲಿನಲ್ಲಿ ನಕಾಶೆ ತೆರೆದರು. "ಆಂಟಿಯೋಕ್ ಈಗ ಟರ್ಕಿಗೆ ಸೇರಿದೆ. ಹತ್ತಿರದ ದೊಡ್ಡ ಬಂದರು ಇದು, ಇಸ್ಕೆಂದರೂನ್."

ಪವಿತ್ರಾ ಆ ಹೆಸರನ್ನು ಮತ್ತೊಮ್ಮೆ ಹೇಳಿಸಿದಳು. ಮಧುರಾ ಚಹಾ ತರಿಸುತ್ತೇನೆಂದರು. ಬೇಡವೆಂದು ನಾಣ್ಯ ತೆಗೆದುಕೊಂಡು ಎದ್ದಳು.

ಉಮೇಶ ತನ್ನ ಅಂಗಳದಲ್ಲಿ ದೋಣಿ ಮಗುಚಿ ಹಾಕಿ ಬಿರುಕಿಗೆ ಡಾಂಬರು ಮೆತ್ತುತ್ತಿದ್ದ. ಪವಿತ್ರಾ ಅವನ ಮುಂದೆ ನಾಣ್ಯ ಹಿಡಿದಳು.

"ಚಿಕ್ಕಪ್ಪ, ಇದನ್ನ ನೀ ಇಸ್ಕೆಂದರೂನಲ್ಲಿ ತಕಂಡದ್ದಲ್ದಾ?"

"ಎಂತ ಹುಚ್ಚು ಹಿಡೀತೇ ನಿಂಗೆ? ಅಣ್ಣನ ಮುಷ್ಟೀಲಿ..."

"ಇದಕ್ಕೆ ಕೀಚೈನಿನ ರಿಂಗ್ ಬೆಸೆದಿತ್ತು. ಹೊಳೇಲಿ ಯಾರು ಬೆಸೀತ್ರು?"

ಅವನು ಡಾಂಬರಿನ ಕೋಲನ್ನು ಡಬ್ಬಿಯಲ್ಲಿ ಅದ್ದಿದ, ತೆಗೆದ, ಮತ್ತೆ ಅದ್ದಿದ. ಬೈಯುತ್ತಾನೆ ಎಂದುಕೊಂಡಿದ್ದಳು ಅವಳು. ಬೈಯಲಿ, ಸುಳ್ಳೆನ್ನಲಿ ಎಂದು ಒಳಗೊಳಗೇ ಬೇಡುತ್ತಿದ್ದಳು. ಅವನು ಕೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟ.

"ಅವತ್ತು ಅವಂಗೆ ಕಿವಿನೋವು. ಇಳೂದಿಲ್ಲ ಅಂದ. ನಾನೇ ಇಳ್ಸಿದೆ. ಹಗ್ಗ ದೋಣಿಗೆ ಕಟ್ಟಿ, ಬದಿ ದೋಣಿಯವರ ಸಂಗ್ತಿಗೆ ಇಸ್ಪೀಟು ಎಲೆ ಆಡೂಕೆ ಹೋದೆ. ಒಂದೇ ಆಟ ಅಂದ್ಕಂಡಿದ್ದೆ. ಕೆಳಗೆ ಹುಗಿದ ಮರದ ದಿಮ್ಮಿಗೆ ಹಗ್ಗ ಸುತ್ತಿತ್ತು. ನಾ ಬರೂ ಹೊತ್ತಿಗೆ..."

"ಅಪ್ಪ ಹಗ್ಗ ಬಿಚ್ಚಿಟ್ಟಿದ್ದ ಅಂದಿದ್ದೆ ನೀನು."

"ಹಗ್ಗ ಸೊಂಟದಲ್ಲೇ ಇತ್ತು. ನಾನೇ ಕೊಯ್ದೆ. ಕೀಚೈನ್ ನನ್ನ ಕಿಸೇಲಿತ್ತು, ರಿಂಗ್ ಕಿತ್ತು ಬಿಲ್ಲೆ ಕೈಯಲ್ಲಿ ಹಿಡ್ಕಂಡೆ. ಜನ ಕೇಳ್ತ್ರು, ನಾಳೆ ಪೊಲೀಸ್ರು ಬಂದ್ರೆ ಅವ್ರೂ ಕೇಳ್ತ್ರು, ಎಂತ ಹೇಳೂದು? ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳ್ದೆ ಮಗಾ. ಆಮೇಲೆ ತಿರುಗ್ಸೂಕೆ ಆಗ್ಲಿಲ್ಲ. ನಿನ್ನ ನಾ ಸಾಕಿದ್ದು ಸುಳ್ಳಾ ಹೇಳು?"

"ಅದು ಸುಳ್ಳಾಗಿದ್ರೆ ಚಲೋ ಆಗ್ತಿತ್ತು" ಎಂದಳು ಪವಿತ್ರಾ. ಅವನ ಹೆಗಲು, ಔಷಧಿ, ಕಥೆಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಯಾವುದನ್ನು ಮುಟ್ಟಿದರೂ ಸುಡುತ್ತಿತ್ತು. ತಮ್ಮ ಮನೆಯಲ್ಲಿ ಉಣ್ಣುತ್ತ ಕೂತವನು, ಅಮ್ಮ ಅಪ್ಪನನ್ನು ಶಪಿಸುವಾಗಲೆಲ್ಲ ಸುಮ್ಮನೆ ಅನ್ನ ಕಲೆಸಿಕೊಂಡಿದ್ದ.

ದುರ್ಗಿ ಹಿತ್ತಿಲಲ್ಲಿ ಬಸಳೆ ಚಪ್ಪರ ಕಟ್ಟುತ್ತಿದ್ದಳು. ಮಗಳು ಹೇಳಿದ್ದನ್ನು ಪೂರ್ತಿ ಕೇಳಿದಳು, ಕೈ ನಿಲ್ಲಿಸಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಹಂಗಾರೆ ಅಂವ ಹಗ್ಗ ಜಗ್ಗಿದ್ದ? ಮೇಲೆ ಬರೂಕೆ ನೋಡಿದ್ದ?"

"ಜಗ್ಗಿರ್ಬೇಕು ಅಮ್ಮ. ಹಗ್ಗ ಸೊಂಟದಲ್ಲೇ ಇತ್ತಂತೆ."

ದುರ್ಗಿ ಬಳ್ಳಿಯನ್ನು ಹಿಡಿದುಕೊಂಡೇ ಕುಸಿದಳು. ಗಂಡ ಸತ್ತ ದಿನ ಅಳದ ಹೆಂಗಸು ಆ ಮಧ್ಯಾಹ್ನ ಅತ್ತದ್ದನ್ನು ಅಕ್ಕಪಕ್ಕದವರು ಕೇಳಿ ಓಡಿಬಂದರು.

ಪವಿತ್ರಾ ಒಂದು ಹಟ ಹಿಡಿದಳು. ಸುಳ್ಳು ಹೇಳಿದ ಜಾಗದಲ್ಲೇ ಚಿಕ್ಕಪ್ಪ ನಿಜ ಹೇಳಬೇಕು. ಭಾನುವಾರ ಧಕ್ಕೆಯಲ್ಲಿ ಹಳೆಯ ಮರಳಿನವರೆಲ್ಲ ಇದ್ದಾಗ ಉಮೇಶನನ್ನು ಕರೆದುಕೊಂಡು ಹೋದಳು. ಅವನು ತಲೆ ತಗ್ಗಿಸಿ ಹೇಳಿದ. ಜನ ಬೆಚ್ಚಿಬೀಳುತ್ತಾರೆ ಎಂದು ಕಾದಿದ್ದಳು ಪವಿತ್ರಾ. ಯಾರೂ ಬೆಚ್ಚಲಿಲ್ಲ. ಒಬ್ಬ ಬೀಡಿ ಆರಿಸಿದ. ಇನ್ನೊಬ್ಬ ಹೊಳೆಯ ಕಡೆ ಮುಖ ತಿರುಗಿಸಿದ. ಆ ಕಾಲದಲ್ಲಿ ಬುಟ್ಟಿಯಲ್ಲಿ ಮರಳು ಹೊತ್ತು ಲಾರಿಗೆ ತುಂಬುತ್ತಿದ್ದ ಸಣ್ಣಮ್ಮ ಮಾತ್ರ ಹತ್ತಿರ ಬಂದಳು. ಪವಿತ್ರಾಳ ಬಾಣಂತನಕ್ಕೆ ಮೈಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ಅವಳೇ.

"ಹೋಗ್ಲಿ ಬಿಡೇ ತಂಗಿ. ಹಳೇದು."

"ಸಣ್ಣಮ್ಮಕ್ಕ, ನಿಂಗೆ ಗೊತ್ತಿತ್ತಾ?"

ಸಣ್ಣಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಎಲೆ ಆಡೂಕೆ ಕೂತವ್ರು ನಾಲ್ಕು ಮಂದಿ ಇದ್ರಲ್ಲೇ. ಲೈಸನ್ಸ್ ಇಲ್ದೆ ತೆಗ್ಯೂ ಮರಳು. ಪೊಲೀಸ್ರು ಬಂದಿದ್ರೆ ಎಲ್ಲಾರ ದೋಣಿ ಹೋಗ್ತಿತ್ತು. ಹೋದವ ಹ್ಯಾಂಗೂ ಹೋದ ಹೇಳಿ..."

"ಮತ್ತೆ ಆಸೆಬುರುಕ ಹೇಳಿ ಹೆಸರಿಟ್ಟವ್ರು ಯಾರು?"

ಚಿಕ್ಕಪ್ಪ ಒಬ್ಬನೇ ತನಗೆ ಮೋಸ ಮಾಡಿದ್ದು ಎಂದುಕೊಂಡು ಬಂದಿದ್ದ ಪವಿತ್ರಾ, ತನ್ನ ಮದುವೆಯಲ್ಲಿ ಉಂಡವರು, ಮಗುವಿಗೆ ಬೆಳ್ಳಿ ಉಡಿದಾರ ತಂದವರು, ದಿನಾ ಅವಳ ಬಸ್ಸಿನಲ್ಲಿ ನಕ್ಕು ಮಾತಾಡುವವರು ಎಲ್ಲರ ಮುಖಗಳನ್ನೂ ಒಮ್ಮೆ ನೋಡಿದಳು. ಅಪ್ಪನ ಹೆಸರನ್ನು ಮಾರಿ ಎಲ್ಲರೂ ತಮ್ಮ ದೋಣಿ ಉಳಿಸಿಕೊಂಡಿದ್ದರು.

ನಾಣ್ಯವನ್ನು ಅವಳು ಮಧುರಾ ಅವರ ಕಾಲೇಜಿಗೇ ಕೊಟ್ಟಳು. ಚೀಟಿಯ ಮೇಲೆ ಸಿಕ್ಕ ಜಾಗ ಎಂದು ಏನು ಬರೆಯಲಿ ಎಂದು ಅವರು ಕೇಳಿದಾಗ, "ಹೊಳೆ ಹೆಸರು ಬರೀಬೇಡಿ, ಅಷ್ಟು ಸಾಕು" ಎಂದಳು. ಉಮೇಶ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಲಿಲ್ಲ. ಆಮೇಲೆ ಅವನು ಮಾವಳ್ಳಿಯಲ್ಲಿ ಮೀನಿನ ದೋಣಿಯವರ ಜೊತೆ ಕೆಲಸಕ್ಕೆ ಸೇರಿ ಅಲ್ಲೇ ಉಳಿದ. ದುರ್ಗಿ ಈಗ ಸಂಜೆ ದೀಪ ಹಚ್ಚುವಾಗ ಗಂಡನ ಹೆಸರು ಹೇಳುತ್ತಾಳೆ.

ಮೊನ್ನೆ ಹೊನ್ನಾವರದಲ್ಲಿ ಬಸ್ಸು ಹತ್ತಿದ ಜನರ ನಡುವೆ ಉಮೇಶನೂ ಇದ್ದ. ತುಂಬ ಬಡಕಲಾಗಿದ್ದ. ಪವಿತ್ರಾ ಟಿಕೆಟ್ ಮಷಿನ್ ಹಿಡಿದು ಅವನ ಮುಂದೆ ನಿಂತಳು.

"ಎಲ್ಲಿಗೆ?"

"ಮಗಾ..."

"ಎಲ್ಲಿಗೆ ಹೇಳಿ."

"ಮಾವಳ್ಳಿ."

ಟಿಕೆಟ್ಟು ಹರಿದು ಕೊಟ್ಟು ಮುಂದಿನವರ ಹತ್ತಿರ ಹೋದಳು. ಆ ಮುಂದಿನವರ ಟಿಕೆಟ್ಟು ಎರಡು ಸಲ ತಪ್ಪಿತು. ಸಂಜೆ ಮನೆಗೆ ಬಂದು ಅಮ್ಮನಿಗೆ ವಿಷಯ ಹೇಳಿದಳು. ದುರ್ಗಿ ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟಳು.

"ಸೀಟು ಸಿಕ್ಕಿತ್ತಾ ಅವಂಗೆ?"

ಮರುಕದಿಂದ ಕೇಳಿದಳೋ ಸಿಟ್ಟಿನಿಂದಲೋ ಮಗಳಿಗೆ ತಿಳಿಯಲಿಲ್ಲ.

"ಇಲ್ಲ ಅಮ್ಮ. ನಿಂತ್ಕಂಡೇ ಹೋದ."

ದುರ್ಗಿ ತಲೆಯಾಡಿಸಿ ಒಲೆಯ ಕಡೆ ತಿರುಗಿದಳು.