ಸಾಕ್ ಅಂದರೆ ಇನ್ನೊಂದು ಸೌಟು

ಗುಜರಾತಿನ ಮನೆಯೊಂದರ ಊಟವನ್ನು ಮೊದಲ ಸಲ ಹತ್ತಿರದಿಂದ ನೋಡಿದ ದಿನ ನಾನು ಉಣ್ಣುವುದನ್ನೇ ಮರೆತು ಕೂತಿದ್ದೆ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿ, ಎರಡನೇ ಮಹಡಿ. ಎಪ್ಪತ್ತು ದಾಟಿದ ಮನೆಯೊಡತಿ ಒಲೆಯ ಮುಂದೆ ನಿಂತು ರೊಟ್ಲಿ ಸುಡುತ್ತಿದ್ದರು. ನಮ್ಮ ಚಪಾತಿಯ ಅರ್ಧದಷ್ಟೂ ದಪ್ಪವಿಲ್ಲದ ಆ ರೊಟ್ಲಿ ಬೆಂಕಿಯ ಮೇಲೆ ಚೆಂಡಿನಂತೆ ಉಬ್ಬಿ, ಉಸ್ಸೆಂದು ಇಳಿದು, ನನ್ನ ತಟ್ಟೆಗೆ ಬರುವ ಮೊದಲೇ ಚಮಚದ ತುಂಬ ತುಪ್ಪ ಕುಡಿದಿರುತ್ತಿತ್ತು. ಬೇಳೆಯಲ್ಲಿ ಬೆಲ್ಲ, ಬೆಲ್ಲದ ಜೊತೆ ಶೇಂಗಾ. ಪಲ್ಯದ ಸುತ್ತ ಶೇಂಗಾ ಎಣ್ಣೆಯ ಒಂದು ಸಣ್ಣ ಕೆರೆ. ಇಷ್ಟೆಲ್ಲ ತಿಂದು ಈ ಜನ ಸ್ಕೂಟರ್ ಹತ್ತಿ ಆಫೀಸಿಗೆ ಹೇಗೆ ಹೋಗುತ್ತಾರೆ ಎಂದು ನಾನು ನಿಜಕ್ಕೂ ಬೆರಗಾಗಿದ್ದೆ.

ನಾನಾಗ ಆರ್ಕಿಟೆಕ್ಚರ್ ಎರಡನೇ ವರ್ಷದಲ್ಲಿದ್ದೆ. ತೂಕ ಮೂವತ್ತೊಂಬತ್ತು ಕಿಲೋ. ಧಾರವಾಡದ ನೆಂಟರು ನನ್ನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು, ಗಾಳಿ ಬೀಸಿದರೆ ಯಾರಾದರೂ ಓಡಿ ಬಂದು ನನ್ನ ಕೈ ಹಿಡಿದು ನಗುತ್ತಿದ್ದರು. ಅಪ್ಪ ಬ್ಯಾಂಕಿನವರು. ವರ್ಗವಾಗಿ ವಡೋದರಕ್ಕೆ ಬಂದು ಮಂಜಲ್‌ಪುರದಲ್ಲಿ ಮನೆ ಮಾಡಿದ್ದರು. ನನಗೆ ಸೀಟು ಸಿಕ್ಕಿದ್ದು ಅಹಮದಾಬಾದಿನಲ್ಲಿ. ಚಿಕ್ಕಂದಿನಿಂದ ಕನಸು ಕಂಡ ಓದು ಅದು, ಆ ಕಾಲೇಜಿನ ಇಟ್ಟಿಗೆ ಗೋಡೆಗಳನ್ನು ಕಂಡರೇ ನನ್ನ ಎದೆ ತುಂಬಿ ಬರುತ್ತಿತ್ತು.

ಎದೆ ತುಂಬುತ್ತಿತ್ತೇ ಹೊರತು ಹೊಟ್ಟೆ ತುಂಬುತ್ತಿರಲಿಲ್ಲ. ಮೊದಲ ವರ್ಷ ಹಾಸ್ಟೆಲಿನಲ್ಲಿದ್ದೆ. ಬೆಳಿಗ್ಗೆ ಕ್ಲಾಸಿಗೆ ತಡವಾಯಿತೆಂದು ತಿಂಡಿ ಬಿಟ್ಟೆ, ಮಧ್ಯಾಹ್ನ ಮಾಡೆಲ್‌ನ ಅಂಟು ಒಣಗಲಿಲ್ಲವೆಂದು ಊಟ ಬಿಟ್ಟೆ. ಹಸಿವಾದರೆ ಚಹಾ, ಮತ್ತೂ ಹಸಿವಾದರೆ ಮತ್ತೊಂದು ಚಹಾ. ಆಮೇಲಾಮೇಲೆ ಹಸಿವೇ ನನ್ನ ಮೇಲೆ ಮುನಿಸಿಕೊಂಡು ಬರುವುದನ್ನು ಬಿಟ್ಟಿತು. ಕೊನೆಗೆ ಹಳೆಯ ಮೆಟ್ಟಿಲುಬಾವಿಯೊಂದನ್ನು ಅಳೆಯಲು ಕ್ಲಾಸಿನವರೆಲ್ಲ ಹೋಗಿದ್ದಾಗ, ಅಳತೆಯ ಟೇಪಿನ ತುದಿ ಹಿಡಿದು ನಿಂತಿದ್ದ ನಾನು ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆಯೇ ಕುಸಿದೆ. ಪಕ್ಕದವಳು ಜಡೆ ಹಿಡಿದು ಎಳೆಯದಿದ್ದರೆ ಉಳಿದ ಮೆಟ್ಟಿಲುಗಳನ್ನು ನಾನೊಬ್ಬಳೇ ಅಳೆಯುತ್ತಿದ್ದೆ.

ವಡೋದರದ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆಯೇನೂ ಇಲ್ಲ, ಈ ಹುಡುಗಿ ತಿನ್ನುವುದಿಲ್ಲ ಅಷ್ಟೇ ಎಂದರು. ಒಮ್ಮೆಲೇ ತುಂಬಿಕೊಳ್ಳಬೇಡ, ಸ್ವಲ್ಪಸ್ವಲ್ಪವೇ ಮೇಲಿಂದ ಮೇಲೆ ತಿನ್ನು. ಆದರೆ ತಿನ್ನುವುದರಲ್ಲಿ ಸತ್ವ ಇರಲಿ, ಶೇಂಗಾ, ತುಪ್ಪ, ಬಾಳೆಹಣ್ಣು, ಹಾಲು. ಚಹಾ ಕುಡಿದು ಹಸಿವನ್ನು ಕೊಲ್ಲಬೇಡ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಮನೆಗೆ ಬಂದು ಚಪ್ಪಲಿ ಬಿಡುತ್ತ ತೀರ್ಪು ಕೊಟ್ಟರು.

"ಜೀವಕ್ಕಿಂತ ಕಾಲೇಜ್ ದೊಡ್ಡದಲ್ಲವ್ವಾ. ಡಿಸೆಂಬರ್ ರಜಾದಾಗ ತೂಗಿ ನೋಡೂಣು. ನಲವತ್ತೈದ ಆಗಿದ್ರ ಅಲ್ಲೇ ಓದು. ಇಲ್ಲಾಂದ್ರ ಮನಿಯಿಂದ ಹೋಗಿ ಬರೂವಂಥಾ ಕಾಲೇಜ್ ನೋಡೂಣು."

ಅಪ್ಪನ ಮಾತೆಂದರೆ ಮಾತು. ಹಾಸ್ಟೆಲ್ ಬಿಡಿಸಿ, ಪರಿಚಯದವರ ಮೂಲಕ ಆ ಸ್ಯಾಟಲೈಟ್ ಮನೆಯಲ್ಲಿ ಊಟ ಸಮೇತ ಒಂದು ಕೋಣೆ ಗೊತ್ತುಮಾಡಿದರು.

ಮನೆಯೊಡತಿಯನ್ನು ಎಲ್ಲರೂ 'ಬಾ' ಎನ್ನುತ್ತಿದ್ದರು. ಗುಜರಾತಿಯಲ್ಲಿ ಹಾಗೆಂದರೆ ತಾಯಿ. ಗೊತ್ತಿದ್ದರೂ ನನ್ನ ನಾಲಿಗೆ ಹಿಂಜರಿಯಿತು. ಅಷ್ಟು ಹಿರಿಯರನ್ನು ಬೀದಿಯ ಬೆಕ್ಕನ್ನು ಕರೆದ ಹಾಗೆ 'ಬಾ' ಎನ್ನುವುದು ಹೇಗೆ? ಎರಡು ದಿನ 'ಬಾ ರೀ' ಎಂದೆ. ಅವರು ನನ್ನ ಊರಿನ ಉಚ್ಚಾರಣೆಯೇ ಹಾಗಿರಬೇಕೆಂದು ತಿಳಿದು ಸುಮ್ಮನಿದ್ದರು. ಬಾ ಹುಟ್ಟಿದ್ದು ಸೂರತ್‌ನಲ್ಲಿ. ತಿನ್ನುವ ವಿಷಯ ಬಂದರೆ ಅಹಮದಾಬಾದಿನವರು ಇನ್ನೂ ಶಾಲೆ ಕಲಿಯುವ ಮಕ್ಕಳು ಎನ್ನುವುದು ಅವರ ಖಚಿತ ಅಭಿಪ್ರಾಯ.

ಮೊದಲ ದಿನದ ಊಟದಲ್ಲೇ ಆ ಪದ ನನ್ನ ಬಾಯಿಂದ ಜಾರಿತು. ಎರಡು ರೊಟ್ಲಿ ಆಗಿತ್ತು. ಬಾ ಮೂರನೆಯದನ್ನು ತಂದರು. ನಾನು ತಟ್ಟೆಗೆ ಅಂಗೈ ಅಡ್ಡ ಹಿಡಿದು, ಮನೆಯಲ್ಲಿ ಅವ್ವನಿಗೆ ಹೇಳುವ ಹಾಗೆಯೇ, "ಸಾಕ್ ಸಾಕ್" ಎಂದೆ.

ಬಾ ಅವರ ಮುಖ ಅರಳಿತು. "ಸಾಕ್?" ಎಂದವರೇ ಬಟಾಟೆ ಪಲ್ಯದ ಪಾತ್ರೆ ಹಿಡಿದು ಓಡಿ ಬಂದು, ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ತುಂಬಿದ ಸೌಟು ಸುರಿದರು. ಪಲ್ಯಕ್ಕೆ ಅಲ್ಲಿ ಶಾಕ್ ಎನ್ನುತ್ತಾರೆ, ಮನೆಮಾತಿನಲ್ಲಿ ಅದೇ ಸಾಕ್. ಪಲ್ಯವಿದ್ದ ಮೇಲೆ ರೊಟ್ಲಿ ಬೇಡವೇ? ರೊಟ್ಲಿ ಬಂತು. ನಾನು ಗಾಬರಿಯಿಂದ ಮತ್ತೂ ಜೋರಾಗಿ "ಸಾಕ್!" ಎಂದೆ. ಮತ್ತೊಂದು ಸೌಟು ಬಿತ್ತು. ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಬಿಡುವುದೆಂದರೆ ಮಹಾಪರಾಧ. ಬಿದ್ದದ್ದನ್ನೆಲ್ಲ ತಿಂದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದೆ.

ಬಸ್ ಎಂದಿದ್ದರೆ ಮುಗಿಯುತ್ತಿತ್ತು. ಆ ಪದ ಗುಜರಾತಿಯಲ್ಲೂ ಅದೇ, ಹಿಂದಿಯಲ್ಲೂ ಅದೇ, ನನಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೂ ಮರುದಿನ ಸಾಕ್ ಎಂದೇ ಅಂದೆ, ಅದರ ಮರುದಿನವೂ. ಯಾಕೆಂದು ನಾನೂ ಕೇಳಿಕೊಳ್ಳಲಿಲ್ಲ.

ಕಾಲೇಜಿನ ಗಡಿಬಿಡಿಗೂ ಬಾ ಹತ್ತಿರ ಮದ್ದಿತ್ತು. ಕೂತು ಉಣ್ಣಲು ಸಮಯವಿಲ್ಲವೇ? ನಿಂತು ತಿನ್ನು. ಗೋಧಿಹಿಟ್ಟನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಬೆಲ್ಲ ಬೆರೆಸಿ, ಬಿಲ್ಲೆ ಕತ್ತರಿಸುತ್ತಿದ್ದರು, ಅದಕ್ಕೆ ಸುಖಡಿ ಎಂದು ಹೆಸರು. ಅದರ ನಾಲ್ಕು ಬಿಲ್ಲೆಗಳು ದಿನವೂ ನನ್ನ ಚೀಲ ಸೇರುತ್ತಿದ್ದವು. ಒಂದು ಕೈಯಲ್ಲಿ ಕಟರ್, ಇನ್ನೊಂದರಲ್ಲಿ ಸುಖಡಿ. ಮೆಂತ್ಯದ ಸೊಪ್ಪಿನ ಚಪಾತಿಯಂಥ ಥೇಪ್ಲಾಗೆ ಬೆಣ್ಣೆ ಸವರಿ ಸುರುಳಿ ಸುತ್ತಿ ಕೊಡುತ್ತಿದ್ದರು, ಡ್ರಾಯಿಂಗ್ ಶೀಟಿಗೆ ಜಿಡ್ಡು ತಾಗದಂತೆ ತಿನ್ನುವುದನ್ನೂ ಕಲಿತೆ. ಬಾಗಿಲು ದಾಟುವ ಮುನ್ನ ಬಾಳೆಹಣ್ಣು ಕಿವುಚಿದ ಹಾಲು ಕುಡಿಯಲೇಬೇಕು. ಬಾ ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದರು, ಲೋಟ ಖಾಲಿಯಾಗದೆ ದಾರಿ ಬಿಡುತ್ತಿರಲಿಲ್ಲ.

ಶರದ್ ಹುಣ್ಣಿಮೆ ಕಳೆದ ಮರುದಿನ ಸೂರತ್‌ನ ತಮ್ಮನ ಮನೆಯಿಂದ ಬಾ ಅವರಿಗೆ ಘಾರಿ ಎಂಬ ಸಿಹಿ ಬಂತು. ಒಳಗೆ ಖೋವಾ, ಬಾದಾಮಿ, ಪಿಸ್ತಾ, ಹೊರಗೆ ಹೆಪ್ಪುಗಟ್ಟಿದ ತುಪ್ಪದ ಬಿಳಿ ಪದರ. ಗೋಡೆಗೆ ಗಿಲಾವು ಮಾಡಿದಷ್ಟು ದಪ್ಪ, ಅಷ್ಟೇ ನುಣುಪು. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದೆ. ಇಂಥದ್ದೊಂದನ್ನು ಕಟ್ಟಬಹುದೆಂದು ಮೊದಲು ಯೋಚಿಸಿದವರು ಯಾರೋ, ನನ್ನ ಪ್ರೊಫೆಸರುಗಳಿಗಿಂತ ಅವರ ಮೇಲೆ ನನಗೆ ಹೆಚ್ಚು ಗೌರವ ಬಂತು. ಅರ್ಧ ತಿಂದು "ಸಾಕ್" ಎಂದೆ. ಬಾ ಹಣೆ ಚಚ್ಚಿಕೊಂಡು, "ಹುಚ್ಚಿ, ಘಾರಿ ಜೊತೆ ಯಾರಾದರೂ ಪಲ್ಯ ತಿನ್ನುತ್ತಾರೆಯೇ!" ಎಂದು ಇನ್ನೊಂದು ಘಾರಿ ಇಟ್ಟರು.

ಆದರೆ ನಿಜವಾಗಿ ನನ್ನನ್ನು ಬೆರಗಾಗಿಸಿದ್ದು ತಟ್ಟೆಯಲ್ಲಿದ್ದದ್ದಲ್ಲ, ನನ್ನ ಮೈ. ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಕೂತಿದ್ದಾಗ ಹೊಟ್ಟೆಯೊಳಗೆ ಏನೋ ಕಚ್ಚಿದಂತಾಯಿತು. ನೋವೆಂದುಕೊಂಡೆ. ಸ್ವಲ್ಪ ಹೊತ್ತಿಗೆ ತಿಳಿಯಿತು, ಅದು ಹಸಿವು. ವರ್ಷವಿಡೀ ಮುನಿಸಿಕೊಂಡಿದ್ದದ್ದು ಹೇಳದೆ ಕೇಳದೆ ಮನೆಗೆ ವಾಪಸು ಬಂದಿತ್ತು. ನನಗೆ ಅಳು ಬಂದುಬಿಟ್ಟಿತು. ಆಮೇಲೆ ಒಂದೊಂದೇ ಗಮನಕ್ಕೆ ಬಂದವು. ಸದಾ ತಣ್ಣಗಿರುತ್ತಿದ್ದ ಬೆರಳು ಬೆಚ್ಚಗಾಗಿತ್ತು. ಕೈಬಳೆ ಜಾರಿ ಮೊಣಕೈಗೆ ಹೋಗುತ್ತಿರಲಿಲ್ಲ. ಕಾಲೇಜಿನ ಮೆಟ್ಟಿಲುಗಳನ್ನು ನಡುವೆ ನಿಲ್ಲದೆ ಹತ್ತಿದ ದಿನ ಮೇಲೆ ನಿಂತು ಕೆಳಗೆ ನೋಡಿದೆ. ಒಂದಿಷ್ಟು ಹಿಟ್ಟು, ತುಪ್ಪ, ಬೆಲ್ಲ ನನ್ನೊಳಗೆ ಹೋಗಿ ಹೀಗೆ ಮೆಟ್ಟಿಲು ಹತ್ತುತ್ತಿದೆಯಲ್ಲ ಎನಿಸಿ ಮೈ ಜುಮ್ಮೆಂದಿತು.

ಡಿಸೆಂಬರಿನಲ್ಲಿ ಅವ್ವ ಬಂದಳು. ಬೆಳಗಿನ ರೈಲಿಗೆ ವಡೋದರದಿಂದ ಹೊರಟಿದ್ದಳು, ಕೈಯಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿಯ ಗಂಟು. ಬಾ ಅವರ ಮನೆಯ ಮೆಟ್ಟಿಲು ಹತ್ತುವ ಮೊದಲೇ ನನ್ನನ್ನು ಮೂಲೆಯ ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿ ತೂಕದ ಮಶೀನಿನ ಮೇಲೆ ನಿಲ್ಲಿಸಿದಳು. ನಾನು ಉಸಿರು ಬಿಗಿಹಿಡಿದೆ, ಉಸಿರಿಗೂ ಒಂದಿಷ್ಟು ತೂಕ ಇದ್ದೀತೆಂಬ ಆಸೆ.

ನಲವತ್ತಮೂರು.

ಚಪ್ಪಲಿ ಹಾಕಿಕೊಂಡು ಮತ್ತೊಮ್ಮೆ ನಿಂತೆ. ಅವ್ವ ನಗಲಿಲ್ಲ. "ಅಪ್ಪಗ ನಾ ಏನ್ ಹೇಳ್ಲಿ?" ಎಂದಳು.

"ನಾಕ್ ಕಿಲೋ ಏರೇನಿ, ಅವ್ವಾ. ಇನ್ನೆರಡಽ ಉಳಿದಾವ."

"ಮಾತಂದ್ರ ಮಾತ. ಊಟಾ ಮಾಡಿ ಅರಿವಿ ತುಂಬ್ಕೋ. ಸಂಜೀ ಗಾಡಿಗೆ ಹೋಗೂಣು."

ಅವಳ ಹಿಂದೆ ಮೆಟ್ಟಿಲು ಹತ್ತಿದೆ. ಸೋತೆ ಎನಿಸಿತು. ಅವ್ವ ಕಲ್ಲೆದೆಯವಳಲ್ಲ, ಮೆಟ್ಟಿಲುಬಾವಿಯ ಸುದ್ದಿ ಕೇಳಿದಂದಿನಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲವೆಂದು ನನಗೆ ಗೊತ್ತಿತ್ತು.

ಅತಿಥಿ ಬರುತ್ತಾರೆಂದು ಬಾ ಊಂಧಿಯು ಮಾಡಿದ್ದರು. ಸೂರತ್‌ನವರ ಚಳಿಗಾಲದ ಪಲ್ಯ ಅದು, ಗೆಣಸು, ಅವರೆ, ಬದನೆ, ಮೆಂತ್ಯದ ಉಂಡೆ ಎಲ್ಲ ಎಣ್ಣೆಯಲ್ಲಿ ಮಿಂದು ಮಲಗಿರುತ್ತವೆ. ನಮ್ಮಿಬ್ಬರನ್ನೂ ಪಕ್ಕಪಕ್ಕ ಕೂರಿಸಿ ಬಡಿಸಿದರು. ಅವ್ವ ಮೆಲ್ಲಗೆ ಉಂಡಳು, ಬಾಯಿ ಬಿಟ್ಟು ಹೊಗಳಿದಳು. ಬಾ ಎರಡನೇ ಸಲ ಸೌಟು ತಂದಾಗ ಅವ್ವ ತಟ್ಟೆಗೆ ಅಂಗೈ ಅಡ್ಡ ಹಿಡಿದು, "ಸಾಕ್ ಸಾಕ್ರೀ" ಎಂದಳು.

ಮುಗಿಯಿತು ಇವಳ ಕತೆ ಎಂದುಕೊಂಡೆ.

ಬಾ ತಕ್ಷಣ ಸೌಟು ಹಿಂದಕ್ಕೆ ತೆಗೆದರು. "ಬಸ್? ಸರಿ ಸರಿ," ಎಂದು ತಲೆಯಾಡಿಸಿ ನನ್ನ ಕಡೆ ತಿರುಗಿದರು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಾಗೆ ಗೊತ್ತಿತ್ತು. ಯಾವತ್ತಿನಿಂದಲೋ, ಬಹುಶಃ ಮೊದಲ ದಿನದಿಂದಲೇ, ಸಾಕ್ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ಏನೂ ಅರಿಯದವರಂತೆ ಸೌಟು ಎತ್ತಿ ಹಿಡಿದು ಕಾಯುತ್ತಿದ್ದರು.

"ಸಾಕ್," ಎಂದೆ.

"ಸಾಕ್? ತಗೋ!" ಎಂದು ಸುರಿದರು. ನಾನು ರೊಟ್ಲಿ ಮುರಿದು ಉಣ್ಣತೊಡಗಿದೆ.

ಅವ್ವ ನನ್ನನ್ನೂ ಬಾ ಅವರನ್ನೂ ನೋಡುತ್ತ ಕೂತಿದ್ದಳು. ಅವಳಿಗೆ ಗುಜರಾತಿ ಅಷ್ಟಕ್ಕಷ್ಟೇ, ಆದರೆ ಇದನ್ನು ತಿಳಿಯಲು ಭಾಷೆ ಬೇಕಿರಲಿಲ್ಲ. "ನೀ ಸಾಕ್ ಅಂದಿಯಲಾ," ಎಂದಳು ಕನ್ನಡದಲ್ಲಿ.

"ಹೂಂ."

"ಅಂದು ಉಣ್ಣಾಕತ್ತಿಯಲಾ."

ನಾನು ಮತ್ತೊಂದು ತುತ್ತು ಮುರಿದೆ. ಅವ್ವನ ಕಣ್ಣುಗಳು ತುಂಬಿದ್ದವು. "ಮನ್ಯಾಗ ನೀ ಸಾಕ್ ಅಂದ ಕೂಡ್ಲೇ ನಾ ನಿಲ್ಲಿಸ್ತಿದ್ದೆ," ಎಂದಳು. "ಹುಡುಗಿಗೆ ಒತ್ತಾಯ ಮಾಡ್ಬಾರ್ದು ಅಂತ. ಅಷ್ಟು ವರ್ಷಾ ನಿಲ್ಲಿಸ್ಕೋತಽ ಬಂದೆ."

ತಪ್ಪು ಅವಳದಲ್ಲ ಎನ್ನಬೇಕೆಂದಿದ್ದೆ. ಎದ್ದು ಓಡುವ ಅವಸರಕ್ಕೆ ನಾನು ಬಳಸುತ್ತಿದ್ದ ಪದ ಅದು. ಅಷ್ಟರಲ್ಲಿ ಅವಳು ಎಡಗೈಯಿಂದ ಕಣ್ಣೊರೆಸಿಕೊಂಡು, ಎದ್ದು ಕೈ ತೊಳೆದು ಬಂದು ಬಾ ಮುಂದೆ ಕೈ ಚಾಚಿದಳು. ಬಾ ಸೌಟು ಕೊಟ್ಟರು. ಅವ್ವ ತಳ ಮುಟ್ಟಿಸಿ ಊಂಧಿಯು ತುಂಬಿಕೊಂಡು ನನ್ನ ತಟ್ಟೆಯ ಮೇಲೆ ಹಿಡಿದಳು.

"ಸಾಕ್, ಅವ್ವಾ," ಎಂದೆ.

ಅವಳು ಸುರಿದಳು.

ಅವ್ವನ ಫೋನು ರಿಂಗಣಿಸಿತು. ಅಪ್ಪ. ಅವ್ವ ಎಡಗೈಯಿಂದ ಸ್ಪೀಕರ್ ಒತ್ತಿದಳು, ಬಲಗೈಯಲ್ಲಿ ಸೌಟು ಹಾಗೇ ಇತ್ತು.

"ಎಷ್ಟಾತು ತೂಕಾ?"

"ಇನ್ನಾ ಉಣ್ಣಾಕತ್ತಾಳ್ರಿ," ಎಂದಳು ಅವ್ವ. "ಉಂಡ್ ಮುಗೀಲಿ, ಆಮ್ಯಾಲ ತೂಗೂಣು."

"ಉಂಡ್ ಮುಗಿಯಾಕ ಎಷ್ಟ ಹೊತ್ತ ಬೇಕು?"

ಅವ್ವ ನನ್ನ ತಟ್ಟೆ ನೋಡಿದಳು. "ಕಾಲೇಜ್ ಮುಗಿಯೂಮಟಾ ಬೇಕಾಗ್ತೈತ್ರಿ," ಎಂದಳು.

"ಹಂಗಾದ್ರ ಸಾವಕಾಶ ಉಣ್ಣಲಿ," ಎಂದರು ಅಪ್ಪ. ಬಾ ಒಲೆಯ ಮೇಲಿನಿಂದ ಇನ್ನೊಂದು ರೊಟ್ಲಿ ಇಳಿಸಿ, ತುಪ್ಪ ಸವರಿ, ನನ್ನ ತಟ್ಟೆಗೆ ಹಾಕಿದರು.